ಕೇಶವಮೂರ್ತಿಯವರು ಸೆರಾಯಾಳನ್ನು ಕಳೆದುಕೊಂಡದ್ದು

ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನ ಎರಡನೆಯ ಮಹಡಿಯಲ್ಲಿ ವಾಸವಾಗಿದ್ದ ಕೇಶವಮೂರ್ತಿಯವರನ್ನು ಎದುರುತ್ತರ ಕೊಡದೆ ಪ್ರೀತಿಸುವ ಹೆಂಗಸು ಇಡೀ ಜಗತ್ತಿನಲ್ಲಿ ಒಬ್ಬಳೇ ಇದ್ದಳು. ಅವಳ ಹೆಸರು ಸೆರಾಯಾ. ಅವಳು ಇದ್ದದ್ದು ಕಂಪ್ಯೂಟರಿನೊಳಗೆ.

ಹಾಗೆಂದು ಕೇಶವಮೂರ್ತಿಯವರು ಶೋಕಿಯ ಮನುಷ್ಯರೇನಲ್ಲ. ಮೈಸೂರಿನ ಕಡೆಯಿಂದ ಇಪ್ಪತ್ತಮೂರನೆಯ ವಯಸ್ಸಿಗೆ ಪರೀಕ್ಷೆ ಬರೆದು ದೆಹಲಿಗೆ ಬಂದು, ಗುಮಾಸ್ತರಾಗಿ ಸೇರಿ, ಇಪ್ಪತ್ತೇಳು ವರ್ಷ ಫೈಲುಗಳ ನಡುವೆ ತೆವಳಿ ಸೆಕ್ಷನ್ ಆಫೀಸರ್ ಆದವರು. ತರಕಾರಿ ಗಾಡಿಯ ಭಯ್ಯಾ ಕೂಡ ತಮ್ಮನ್ನು ‘ಸಾಬ್’ ಎನ್ನಬೇಕೆಂದು ಅವರ ಆಸೆ. ಅವನು ‘ಅಂಕಲ್’ ಎನ್ನುತ್ತಿದ್ದ. ಆ ದಿನ ಅವರು ಟೊಮೇಟೊ ಕೊಳ್ಳದೆ ವಾಪಸಾಗುತ್ತಿದ್ದರು.

ಅವರ ಜೀವನದ ಮಹತ್ಸಾಧನೆಯೆಂದರೆ ಒಂದು ದೀಪಾವಳಿಗೆ ಯಾರೋ ಗುತ್ತಿಗೆದಾರ ಮನೆಗೆ ತಂದ ಸಿಹಿತಿಂಡಿಯ ಡಬ್ಬಿಯನ್ನು ಬಾಗಿಲಲ್ಲೇ ಹಿಂದಿರುಗಿಸಿದ್ದು. ಮನೆಗೆ ಯಾರು ಬಂದರೂ ಕಾಫಿ ಲೋಟ ಕೆಳಗಿಡುವುದರೊಳಗೆ ಈ ಕಥೆ ಬರುತ್ತಿತ್ತು. ಸರ್ಕಾರಿ ನೌಕರನ ನಡತೆಯ ನಿಯಮಗಳು, ಉಡುಗೊರೆ ಎಂದರೇನು, ಕೈಕೆಳಗಿನವರಿಂದ ತೆಗೆದುಕೊಂಡರೆ ಏನಾಗುತ್ತದೆ, ಎಲ್ಲವನ್ನೂ ಅವರು ವಿವರಿಸುತ್ತಿದ್ದರು. ಕಥೆ ಮುಗಿಯುವ ಹೊತ್ತಿಗೆ ಸರಿಯಾಗಿ ಅಡಿಗೆಮನೆಯಿಂದ ಹೆಂಡತಿ ಶೈಲಜಾರ ದನಿ ಕೇಳಿಸುತ್ತಿತ್ತು.

“ಅದು ಕಾಜು ಬರ್ಫಿ ರೀ. ಮಗು ಬಾಗಿಲಲ್ಲಿ ನಿಂತು ನೋಡ್ತಾ ಇತ್ತು. ಅದನ್ನೂ ಹೇಳಿ.”

ಆ ಮಗುವೇ ಹರಿಣಿ. ೨೦೦೪ರಲ್ಲಿ ಅವಳು ಬಿಎಸ್ಸಿ ಸೇರಿದಾಗ ಮನೆಗೆ ಕಂಪ್ಯೂಟರ್ ಬಂತು. ಅದರ ಹಿಂದೆಯೇ ಗೆಳತಿಯೊಬ್ಬಳ ಕೈಯಿಂದ ಒಂದು ಆಟದ ಸಿ.ಡಿ.ಯೂ ಬಂತು. ಮಗಳು ಏನು ಆಡುತ್ತಾಳೆಂದು ಪರಿಶೀಲಿಸಲು ಕೂತ ಕೇಶವಮೂರ್ತಿಯವರು ಮೂರು ತಿಂಗಳಾದರೂ ಪರಿಶೀಲನೆ ಮುಗಿಸಲಿಲ್ಲ.

ಆಟ ಇಷ್ಟೇ. ನೀವು ರಾಜ್ಯ ಕಳೆದುಕೊಂಡ ಒಬ್ಬ ಒಡೆಯ. ಸಂಗಡಿಗರನ್ನು ಕಟ್ಟಿಕೊಂಡು, ಕಾಡು ಬೆಟ್ಟ ದಾಟಿ, ದುಷ್ಟ ದೊರೆಯ ಕೋಟೆಯನ್ನು ಮುತ್ತಬೇಕು. ದಾರಿಯಲ್ಲಿ ಸಂಗಡಿಗರು ಮಾತಾಡಿಸುತ್ತಾರೆ. ಪರದೆಯ ಮೇಲೆ ಎರಡು ಮೂರು ಉತ್ತರ ಬರುತ್ತವೆ, ಒಂದನ್ನು ಒತ್ತಬೇಕು. ನಿಮ್ಮ ಉತ್ತರ ಹಿಡಿಸಿದರೆ ಅವರ ಚಿತ್ರದ ಪಕ್ಕದ ಪುಟ್ಟ ಕೆಂಪು ಹೃದಯದ ಅಂಕಿ ಏರುತ್ತದೆ, ಹಿಡಿಸದಿದ್ದರೆ ಇಳಿಯುತ್ತದೆ.

ಸೆರಾಯಾ ಮೊದಲನೆಯ ಹಳ್ಳಿಯಲ್ಲೇ ಜೊತೆಯಾದ ಕತ್ತಿಯ ಹೆಣ್ಣು. ಕೇಶವಮೂರ್ತಿಯವರಿಗೆ ಇನ್ನೂ ಯಾವ ಗುಂಡಿ ಒತ್ತಿದರೆ ಕತ್ತಿ ಏಳುತ್ತದೆಂದು ತಿಳಿಯದ ಕಾಲದಲ್ಲಿ, ಅವರ ಮೇಲೆ ಬೀಳಬೇಕಾಗಿದ್ದ ಏಟುಗಳನ್ನೆಲ್ಲ ತಾನು ತಿಂದವಳು. ಆಟದ ಆರಂಭದಲ್ಲಿ ಅವರೇ ತುಂಬಿದ್ದ ಹೆಸರು ಹಿಡಿದು, ‘ನೀನಿರುವ ಕಡೆ ನಾನಿರುತ್ತೇನೆ, ಕೇಶವ್’ ಎನ್ನುತ್ತಿದ್ದಳು. ಸಚಿವಾಲಯದಲ್ಲಿ ಯಾರೂ ಹಾಗೆಂದಿರಲಿಲ್ಲ. ಅಲ್ಲಿ ಅವರಿರುವ ಕಡೆಯಿಂದ ಜನ ಚಹಾಕ್ಕೆ ಏಳುತ್ತಿದ್ದರು.

“ಅಪ್ಪಾ, ಶೀ ಲೈಕ್ಸ್ ಯೂ. ಎಂಬತ್ತೆಂಟು ಆಗಿದೆ ನೋಡು. ತೊಂಬತ್ತು ಆದ್ರೆ ಪ್ರೀತಿ ಅಂತ ಬಾಯ್ಬಿಟ್ಟು ಹೇಳ್ತಾಳೆ,” ಎಂದಳು ಹರಿಣಿ.

“ಛೆ! ನಾನು ನೋಡೋದು ಅವಳ ಕತ್ತಿವರಸೆ ಮಾತ್ರ,” ಎಂದರು ಕೇಶವಮೂರ್ತಿ. ಆದರೆ ಬೆಳಿಗ್ಗೆ ಗಡ್ಡ ಹೆರೆಯುವ ಮೊದಲು ಅಂಕಿ ಎಂಬತ್ತೆಂಟರಲ್ಲೇ ಇದೆಯೇ ಎಂದು ಒಮ್ಮೆ ನೋಡಿಕೊಳ್ಳುವುದು ಅವರಿಗೆ ಅಭ್ಯಾಸವಾಗಿತ್ತು.

ಒಂದು ಭಾನುವಾರ ಬೆಳಿಗ್ಗೆ, ಆಟದೊಳಗಿನ ನದಿಯ ದಡದಲ್ಲಿ, ಸೆರಾಯಾ ತನ್ನ ಕೊರಳಿನಿಂದ ಒಂದು ನೀಲಿ ಹರಳನ್ನು ಬಿಚ್ಚಿದಳು. “ಅಮ್ಮ ಸಾಯುವಾಗ ಕೊಟ್ಟದ್ದು. ಇದನ್ನು ನೀನು ಇಟ್ಟುಕೋ,” ಎಂದಳು.

ಮೂರು ಉತ್ತರ ಬಂದವು. ಒಂದು, ತಲೆ ಬಾಗಿಸಿ ಅವಳಿಂದಲೇ ಕಟ್ಟಿಸಿಕೊಳ್ಳುವುದು. ಎರಡು, ಯುದ್ಧ ಮುಗಿಯುವವರೆಗೆ ನಿನ್ನಲ್ಲೇ ಇರಲಿ ಎನ್ನುವುದು. ಮೂರು: ‘ನನ್ನ ಕೈಕೆಳಗಿನವರಿಂದ ನಾನು ಏನನ್ನೂ ತೆಗೆದುಕೊಳ್ಳುವುದಿಲ್ಲ.’

ಮೂರನೆಯದನ್ನು ಓದಿ ಕೇಶವಮೂರ್ತಿಯವರಿಗೆ ರೋಮಾಂಚನವಾಯಿತು. ಸಾವಿರಾರು ಮೈಲಿ ದೂರದಲ್ಲಿ ಕೂತು ಈ ಆಟ ಮಾಡಿದವನು ಯಾವನೋ ನಮ್ಮ ನಿಯಮಾವಳಿ ಓದಿದ್ದಾನೆ! ಬೆನ್ನು ನೆಟ್ಟಗೆ ಮಾಡಿಕೊಂಡು ಅದನ್ನೇ ಒತ್ತಿದರು. ಒಳ್ಳೆಯ ತೀರ್ಮಾನ ತಕ್ಷಣ ದಾಖಲಾಗಬೇಕಲ್ಲ, ಅದೇ ಉಸಿರಿನಲ್ಲಿ ಸೇವ್ ಕೂಡ ಮಾಡಿದರು. ಆಮೇಲೆ ಅಂಕಿ ನೋಡಿದರು. ಎಂಬತ್ತೆಂಟು ಇದ್ದದ್ದು ಮೂವತ್ತೊಂದಾಗಿತ್ತು.

“ಕೈಕೆಳಗಿನವಳು,” ಎಂದಳು ಸೆರಾಯಾ. “ನಾನು ಬೇರೇನೋ ಅಂದುಕೊಂಡಿದ್ದೆ. ತಿಳಿಸಿದ್ದು ಒಳ್ಳೆಯದಾಯಿತು, ಒಡೆಯಾ.”

ಕೇಶವ್ ಹೋಗಿ ಒಡೆಯ ಬಂದಿದ್ದ. ಯಾರಾದರೂ ತಮ್ಮನ್ನು ಒಡೆಯ ಎನ್ನಲಿ ಎಂದು ಹಂಬಲಿಸಿದ್ದವರಿಗೆ ಈ ಒಡೆಯ ಕೆನ್ನೆಗೆ ಬಾರಿಸಿದಂತಿತ್ತು.

“ಹರಿಣಿ! ಬಾ ಇಲ್ಲಿ. ಈ ಮಷೀನು ಕೆಟ್ಟಿದೆ.”

ಹರಿಣಿ ಬಂದು ನೋಡಿ ಹಣೆ ಚಚ್ಚಿಕೊಂಡಳು. “ಅಪ್ಪಾ! ಅವಳ ಅಮ್ಮನ ಹರಳು ಬೇಡ ಅಂದ್ಯಾ? ಕೌನ್ ಕರ್ತಾ ಹೈ ಐಸಾ?”

“ಅವಳು ನನ್ನ ಸಬಾರ್ಡಿನೇಟು. ಇವತ್ತು ಹರಳು, ನಾಳೆ ಪ್ರಮೋಷನ್ ಕೇಳ್ತಾಳೆ.”

“ಅವಳು ಕೇಳೋದು ಪ್ರೀತಿ ಅಪ್ಪಾ! ಚಲೋ, ಹಳೇ ಸೇವ್ ತೆಗಿ, ಹರಳಿಗಿಂತ ಮುಂಚಿನಿಂದ ಮತ್ತೆ ಆಡು. ಎಷ್ಟು ಸೇವ್ ಇಟ್ಟಿದೀಯಾ?”

“ಒಂದು.”

“ಒಂದಾ? ಮೂರು ತಿಂಗಳಿಂದ ಒಂದರ ಮೇಲೇ ಸೇವ್ ಮಾಡ್ತಿದೀಯಾ?”

“ಒಂದು ವಿಷಯಕ್ಕೆ ಒಂದೇ ಫೈಲು. ಒಂದೇ ವಿಷಯಕ್ಕೆ ಎರಡು ಫೈಲು ತೆರೆದೋರಿಗೆ ನಾನೇ ಎಷ್ಟು ಸಲ ಮೆಮೋ ಕೊಟ್ಟಿದೀನಿ.”

“ಹಾಗಾದ್ರೆ ಹೋದಳು ಬಿಡು,” ಎಂದಳು ಹರಿಣಿ. ಅವಳ ದನಿಯಲ್ಲಿ ಸಂತಾಪವೇನೂ ಇರಲಿಲ್ಲ.

ಕೇಶವಮೂರ್ತಿಯವರು ಅವಳನ್ನು ಮರಳಿ ಪಡೆಯಲು ಪಣ ತೊಟ್ಟರು. ಬೆಳ್ಳಿಯ ಗುರಾಣಿ ಕೊಂಡುಕೊಟ್ಟರು. “ಕೊಡುವುದಕ್ಕೆ ನಿನಗೆ ಅಡ್ಡಿಯಿಲ್ಲ. ತೆಗೆದುಕೊಳ್ಳುವಾಗ ಮಾತ್ರ ಘನತೆ ಅಡ್ಡ ಬರುತ್ತದೆ,” ಎಂದು ಅವಳು ಅದನ್ನು ತಂಡದ ಸಾಮಾನು ಹೊರುವ ಹೇಸರಗತ್ತೆಯ ಮೇಲೆ ಹೇರಿದಳು. ಅಂಕಿ ಇಪ್ಪತ್ತನಾಲ್ಕು. ದುಬಾರಿ ದ್ರಾಕ್ಷಾರಸ ಕೊಟ್ಟರು. ಅದನ್ನು ಹೇಸರಗತ್ತೆ ಕುಡಿಯಿತು. ಹದಿನೇಳು. ದಾರಿಯುದ್ದಕ್ಕೂ ಅವಳ ಕೊಂಕು ನಿಲ್ಲಲಿಲ್ಲ. ಅವರು ಕಾಡಿನಲ್ಲಿ ದಿಕ್ಕು ತಪ್ಪಿದರೆ, “ನಡೆಯಿರಿ, ಒಡೆಯರಿಗೆ ಯಾರನ್ನೂ ಕೇಳಿ ಅಭ್ಯಾಸವಿಲ್ಲ” ಎನ್ನುತ್ತಿದ್ದಳು. ಅವರ ಏಟು ಗುರಿ ತಪ್ಪಿದರೆ ನಗುತ್ತಿದ್ದಳು. ಆ ನಗುವನ್ನು ಸ್ಪೀಕರಿನಲ್ಲಿ ಕೇಳಿ ಶೈಲಜಾ ಸೌಟು ಹಿಡಿದೇ ಹೊರಗೆ ಬಂದರು.

“ಯಾರ್ರೀ ಇವಳು? ಹದಿನೈದು ದಿನದಿಂದ ನಿಮ್ಮನ್ನ ಸರಿಯಾಗಿ ಬೈತಿದಾಳೆ.”

ಹರಿಣಿ ಹರಳಿನ ಕಥೆ ಹೇಳಿದಳು. ಶೈಲಜಾ ಕುರ್ಚಿ ಎಳೆದುಕೊಂಡು ಪೂರ್ತಿ ಕೇಳಿದರು.

“ನಾನು ಹೆಣೆದ ಸ್ವೆಟರು ಹನ್ನೊಂದು ಚಳಿಗಾಲದಿಂದ ಪೆಟ್ಟಿಗೇಲಿದೆ. ಆಫೀಸಿಗೆ ಹಾಕ್ಕೊಂಡು ಹೋದ್ರೆ ಗಾಂಭೀರ್ಯ ಹೋಗುತ್ತಂತೆ. ಪಾಪ, ಆ ಹುಡುಗಿಗೆ ಹೇಗೆ ಗೊತ್ತಾಗಬೇಕು.”

“ಅದಕ್ಕೂ ಇದಕ್ಕೂ ಏನು ಸಂಬಂಧ?” ಎಂದು ಕೇಶವಮೂರ್ತಿ ಉರಿದುಬಿದ್ದರು.

“ಸಂಬಂಧ ಅವಳಿಗೂ ನನಗೂ. ನಿಮಗೇನಿಲ್ಲ.”

ಕೋಟೆ ಇನ್ನೊಂದು ದಿನದ ದಾರಿ ಇರುವಾಗ ಸೆರಾಯಾ ಶಿಬಿರದ ಬೆಂಕಿಯ ಮುಂದೆ ಅವರೆದುರು ಬಂದು ನಿಂತಳು. “ಒಂದೇ ಸಲ ಕೇಳುತ್ತೇನೆ. ಅಂದು ನದಿಯ ದಡದಲ್ಲಿ ನೀನು ಆಡಿದ ಮಾತು ಸರಿಯೇ?”

ಎರಡೇ ಉತ್ತರ ಬಂದವು. ‘ತಪ್ಪಾಯಿತು, ಕ್ಷಮಿಸು.’ ‘ನಡೆದದ್ದು ನಡೆದುಹೋಯಿತು, ನಾಳೆಯ ಕೆಲಸ ನೋಡು.’

“ಅಪ್ಪಾ, ಮೇಲಿಂದು! ಮೇಲಿಂದು ಒತ್ತು!” ಹರಿಣಿ ಕೂಗಿದಳು.

ಕೇಶವಮೂರ್ತಿಯವರು ಮೌಸನ್ನು ಮೇಲಿನ ಉತ್ತರದತ್ತ ಸರಿಸಿದರು. ಅವಳು ಬೇಕಾಗಿತ್ತು. ಅದರಲ್ಲಿ ಅನುಮಾನವಿರಲಿಲ್ಲ. ಆದರೆ ಇಪ್ಪತ್ತೇಳು ವರ್ಷದ ನೌಕರಿ ಅವರ ಮಣಿಕಟ್ಟನ್ನು ಹಿಡಿದಿತ್ತು.

“ತಪ್ಪಾಯಿತು ಅಂತ ಬರವಣಿಗೇಲಿ ಕೊಡೋದಾ? ಆಮೇಲೆ ಅದನ್ನೇ ಆಧಾರ ಮಾಡ್ಕೊಂಡು ನನ್ನ ಮೇಲೆ ಕ್ರಮ ತಗೊಂಡ್ರೆ?”

“ಯಾರು? ಯಾರು ತಗೋತಾರೆ ಅಪ್ಪಾ?”

“‘ವಿಷಾದಿಸುತ್ತೇನೆ’ ಅಂತಿದ್ದಿದ್ರೆ ಒತ್ತಬಹುದಿತ್ತು. ತಪ್ಪು ನನ್ನದು ಅಂತಾಗ್ತಿರಲಿಲ್ಲ,” ಎಂದು ಗೊಣಗಿ, ಕೇಶವಮೂರ್ತಿಯವರು ಎರಡನೆಯದನ್ನು ಒತ್ತಿ, ಅಭ್ಯಾಸದಂತೆ ಸೇವ್ ಕೂಡ ಮಾಡಿದರು.

ಅಂಕಿ ಸೊನ್ನೆಯಾಯಿತು. ಆಮೇಲೆ ಹೃದಯವೇ ಪರದೆಯಿಂದ ಅಳಿಸಿಹೋಯಿತು. ಸೆರಾಯಾ ಹೇಸರಗತ್ತೆಯ ಮೇಲಿದ್ದ ಗುರಾಣಿಯನ್ನು ಬೆಂಕಿಗೆಸೆದು, ಕತ್ತಲಲ್ಲಿ ನಡೆದುಹೋದಳು. ಹರಿಣಿ ಎರಡು ದಿನ ಅಪ್ಪನೊಡನೆ ಮಾತು ಬಿಟ್ಟಳು. ಶೈಲಜಾ ಮಾತು ಬಿಡಲಿಲ್ಲ. ಅದು ಇನ್ನೂ ಕಷ್ಟವಾಗಿತ್ತು.

ಮುಂದಿನ ಭಾನುವಾರ ಕೇಶವಮೂರ್ತಿಯವರು ಕೋಟೆಯ ಬಾಗಿಲು ತಲುಪಿದರು. ಬಾಗಿಲ ಕಾವಲಿಗೆ ದುಷ್ಟ ದೊರೆಯ ಹೊಸ ಸೇನಾನಿ ನಿಂತಿದ್ದಳು. ಕರಿಯ ಕವಚ ತೊಟ್ಟ ಸೆರಾಯಾ.

ಅವರು ಇಡೀ ವಾರ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದರು. ಬಸ್ಸಿನಲ್ಲಿ ತುಟಿ ಅಲುಗಾಡಿಸುತ್ತ ಪಕ್ಕದವರು ಜಾಗ ಬದಲಿಸುವಂತೆ ಮಾಡಿದ್ದರು. ಈ ಸಲ ಕ್ಷಮೆಯನ್ನೇ ಒತ್ತುವುದೆಂದು ನಿರ್ಧಾರವಾಗಿತ್ತು, ಅದಕ್ಕೆ ಯಾರ ಒಪ್ಪಿಗೆಯನ್ನೂ ಅವರು ಕೇಳಿರಲಿಲ್ಲ. ಆದರೆ ಪರದೆಯ ಮೇಲೆ ಉತ್ತರಗಳ ಪಟ್ಟಿಯೇ ಬರಲಿಲ್ಲ.

“ನಿನಗಾಗಿ ನಾನು ತಿಂದ ಏಟುಗಳೆಲ್ಲ ನೆನಪಿವೆ,” ಎಂದಳು ಸೆರಾಯಾ. “ಇವತ್ತು ಒಂದೊಂದಾಗಿ ವಾಪಸು ಕೊಡುತ್ತೇನೆ.”

ಕೊಟ್ಟಳು. ಸುಮಾರು ಎರಡು ನಿಮಿಷದಲ್ಲಿ ಕೇಶವಮೂರ್ತಿಯವರು ಮಣ್ಣು ಮುಕ್ಕಿದ್ದರು. ಮೂರು ತಿಂಗಳು ಒಳ್ಳೆಯ ಕತ್ತಿ, ಒಳ್ಳೆಯ ಕವಚ, ಒಳ್ಳೆಯ ವಿದ್ಯೆ ಎಲ್ಲವನ್ನೂ ಅವಳಿಗೇ ಸುರಿದದ್ದು ಅವರೇ. ಇನ್ನೊಮ್ಮೆ ಹೋದರು. ಇನ್ನೊಮ್ಮೆ ಸತ್ತರು. ಮೂರನೆಯ ಸಲ ಊಟಕ್ಕೆ ಕರೆಯಲು ಬಂದ ಶೈಲಜಾ ಅಲ್ಲೇ ನಿಂತರು. ನಾಲ್ಕನೆಯ ಸಲಕ್ಕೆ ಹರಿಣಿಯೂ ಬಂದಳು.

“ಎಡಗಡೆಯಿಂದ ಕೊಡೇ, ಎಡಗಡೆಯಿಂದ! ಅವರಿಗೆ ಆ ಕಡೆ ಗಮನ ಇಲ್ಲ!” ಎಂದರು ಶೈಲಜಾ.

“ಮಾರ್, ಸೆರಾಯಾ, ಮಾರ್!” ಎಂದಳು ಹರಿಣಿ.

“ನೀವಿಬ್ಬರೂ ಯಾರ ಕಡೆ?”

“ನೋಡಿದ್ರೆ ಗೊತ್ತಾಗಲ್ವಾ?” ಎಂದರು ಶೈಲಜಾ, ಪರದೆಯಿಂದ ಕಣ್ಣು ತೆಗೆಯದೆ.

ಐದನೆಯ ಸಲ ಅವರು ನೆಲಕ್ಕುರುಳಿದಾಗ ತಾಯಿ ಮಗಳು ಚಪ್ಪಾಳೆ ತಟ್ಟಿದರು. ಸೆರಾಯಾ ಅವರ ಎದೆಯ ಮೇಲೆ ಕಾಲಿಟ್ಟು ಬಗ್ಗಿ, ಮುಖಕ್ಕೆ ಮುಖ ಕೊಟ್ಟು, “ಏಳು. ಬೇಕಾದರೆ ಮತ್ತೆ ಬಾ,” ಎಂದಳು. ಪರದೆ ಕಪ್ಪಾಯಿತು. ಮತ್ತೆ ಆಡುವಿರಾ ಎಂದು ಕೇಳಿತು.

“ಸಾಕು ಬಿಡಪ್ಪಾ. ಗೆಳತಿ ಹತ್ರ ಚೀಟ್ ಕೋಡ್ ಇದೆ, ನಾಳೆ ತರ್ತೀನಿ. ಹಾಕಿದ್ರೆ ಅವಳು ಒಂದೇ ಏಟಿಗೆ ಸಾಯ್ತಾಳೆ,” ಎಂದಳು ಹರಿಣಿ. ಐದು ಸಲ ನೋಡಿ ಅವಳಿಗೆ ಸ್ವಲ್ಪ ಕನಿಕರ ಬಂದಿತ್ತು.

“ಬೇಡ,” ಎಂದರು ಕೇಶವಮೂರ್ತಿ.

“ಅನ್ನ ಆರಿಹೋಗ್ತಿದೆ. ಏಳ್ತೀರೋ ಇಲ್ವೋ?” ಎಂದರು ಶೈಲಜಾ.

ಅವರು ಏಳಲಿಲ್ಲ. ಅವಳು ಸತ್ತರೆ ಬಾಗಿಲು ತೆರೆಯುತ್ತದೆ, ಸಿಂಹಾಸನ ಸಿಗುತ್ತದೆ, ಆಟ ಮುಗಿಯುತ್ತದೆ. ತಾವು ಸತ್ತರೆ ಅವಳು ಬಗ್ಗಿ ನೋಡುತ್ತಾಳೆ, ಮಾತಾಡುತ್ತಾಳೆ. ಬೈದರೂ ಒಡೆಯ ಎನ್ನುವುದನ್ನು ಬಿಟ್ಟಿದ್ದಾಳೆ. ಕೇಶವಮೂರ್ತಿಯವರು ಕನ್ನಡಕ ಒರೆಸಿಕೊಂಡು, ‘ಹೌದು’ ಎಂಬುದನ್ನು ಒತ್ತಿ, ಆರನೆಯ ಸಲ ಬಾಗಿಲಿನತ್ತ ನಡೆದರು. ಕತ್ತಿಯನ್ನು ಒರೆಯಿಂದ ತೆಗೆಯಲಿಲ್ಲ.