ಕಸದ ಗಾಡಿ ಕೆಮ್ಮು

ಬೆಳಿಗ್ಗೆ ಏಳೂಕಾಲಕ್ಕೆ ಪ್ರಿಯದರ್ಶಿನಿಯ ಧ್ವನಿ ಗಲ್ಲಿಯ ತಿರುವಿನಲ್ಲಿ ಕೇಳಿಸಿತು. ಪ್ರಿಯದರ್ಶಿನಿ ಆಗ ಬಾಗಿಲಲ್ಲಿ ಬಕೆಟ್ ಹಿಡಿದು ನಿಂತಿದ್ದಳು. 'ಎರಡು ವಾರ ಕೆಮ್ಮು ಬಿಡಲಿಲ್ಲಂದ್ರ ಕಫ ಪರೀಕ್ಷಾ ಮಾಡಿಸ್ರಿ. ಟಿಬಿಗೆ ಔಷಧ ಪುಕ್ಕಟೆ ಅದ' ಎಂದು ಕಸದ ಆಟೊದ ಮೇಲಿನ ಮೈಕು ಹೇಳುತ್ತಿತ್ತು. ಹಸಿ ಕಸ, ಒಣ ಕಸದ ಹಾಡು ಮುಗಿದ ಮೇಲೆ ಈ ಮಾತು, ಆಮೇಲೆ ಮತ್ತೆ ಹಾಡು. ನಾಲ್ಕು ವರ್ಷದಿಂದ ಹೀಗೇ ನಡೆದಿದೆ.

ಎದುರು ಮನೆಯ ಬಾಲಮ್ಮ ಹೊರಗೆ ಬಂದು ತನ್ನ ಬಕೆಟ್ಟನ್ನು ಅವಳ ಕಾಲಬುಡದಲ್ಲಿ ಕುಕ್ಕಿದಳು.

"ನೀನೇ ಹಾಕು. ನಿಂದೇ ಗಾಡಿ ಅಲ್ಲೇನು?"

"ಚಿಗವ್ವಾ, ಗುಳಿಗಿ ಮತ್ತ ಚಾಲೂ ಮಾಡೀಯೇನು?"

"ಮೈಕಿನ್ಯಾಗ ಕೇಳು. ಎಲ್ಲಾರಿಗೂ ಕೇಳ್ಲಿ."

ಬಾಲಮ್ಮನಿಗೆ ಕೆಮ್ಮು ಬಂತು. ಸೆರಗು ಬಾಯಿಗೆ ಒತ್ತಿಕೊಂಡರೂ ತಡೆಯಲಾಗಲಿಲ್ಲ. ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿದ್ದವರಲ್ಲಿ ಯಾರೋ "ಗಾಡಿ ಬಂತ್ರಪೋ!" ಎಂದು ಕೂಗಿದರು. ನಗು ಎದ್ದಿತು. ಬಾಲಮ್ಮನ ಬಾಗಿಲು ಧಡ್ಡೆಂದು ಮುಚ್ಚಿತು.

ಕೃಷ್ಣರಾಜಪುರ ರೈಲು ನಿಲ್ದಾಣದ ಹಿಂದಿನ ಈ ಗಲ್ಲಿಯಲ್ಲಿ ಶೀಟಿನ ಮಾಡಿನ ನಲವತ್ತು ಬಾಡಿಗೆ ಕೋಣೆಗಳಿವೆ. ಹೆಚ್ಚಿನವರು ಸುರಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಪ್ರಿಯದರ್ಶಿನಿಯ ತಂದೆ ಸಾಯಬಣ್ಣ ಗಾರೆ ಕೆಲಸದವರು. ಮಗಳು ಕಮ್ಮನಹಳ್ಳಿಯ ಮೊಬೈಲ್ ಅಂಗಡಿಯಲ್ಲಿ ಸಂಜೆ ದುಡಿಯುತ್ತಾ ಎಂ.ಎ. ಮುಗಿಸಿದಳು. ಐದು ವರ್ಷದ ಹಿಂದೆ ಬೆನ್ಸನ್ ಟೌನ್‌ನ ಖಾಸಗಿ ಸಂಶೋಧನಾ ಕೇಂದ್ರವೊಂದರಲ್ಲಿ ಆರೋಗ್ಯ ಸಂವಹನದ ಪಿಎಚ್‌ಡಿಗೆ ಸೇರಿದಳು. ಆರೋಗ್ಯದ ಮಾತು ಜನರನ್ನು ಹೇಗೆ ತಲುಪುತ್ತದೆ, ತಲುಪಿದ ಮೇಲೆ ಏನಾಗುತ್ತದೆ ಎಂಬುದು ಅಲ್ಲಿನ ಓದು.

ಅವಳ ಮಾರ್ಗದರ್ಶಕ ಡಾ. ಮಧುಕರ್ ಆಗ ಟಿಬಿ ಪ್ರಚಾರ ಯೋಜನೆಯೊಂದನ್ನು ನಡೆಸುತ್ತಿದ್ದರು. ಪ್ರತಿ ಮನೆಯ ಹೆಂಗಸೂ ದಿನಕ್ಕೊಮ್ಮೆ ಹೊರಗೆ ಬರುವುದು ಕಸದ ಗಾಡಿಗೆ. ಸಂದೇಶವನ್ನು ಅದರ ಮೇಲೆಯೇ ಕೂರಿಸೋಣ ಎಂಬುದು ಅವರ ಯೋಚನೆ. "ನಿಮ್ಮೂರ ಕನ್ನಡದಲ್ಲಿ ನೀನೇ ಓದಮ್ಮ, ನಿಮ್ಮವರಿಗೆ ನಂಬಿಕೆ ಬರುತ್ತೆ" ಎಂದರು. ಶಿವಾಜಿನಗರದ ಸ್ಟುಡಿಯೊದಲ್ಲಿ ಹದಿನಾಲ್ಕು ಸಲ ಓದಿದ ಮೇಲೆ ಧ್ವನಿ ಸರಿಹೋಯಿತು. ಸಾಯಬಣ್ಣ ಅದನ್ನು ಫೋನಿನಲ್ಲಿ ಇಟ್ಟುಕೊಂಡು ಗಲ್ಲಿಯವರಿಗೆಲ್ಲ ಕೇಳಿಸಿದರು.

ನೂರಕ್ಕೆ ತೊಂಬತ್ತಮೂರು ಜನ ಸಂದೇಶ ಕೇಳಿದ್ದಾರೆಂದು ಸಮೀಕ್ಷೆ ಹೇಳಿತು. ಮಧುಕರ್‌ಗೆ ಪ್ರಶಸ್ತಿ ಫಲಕ ಬಂತು. ಕೇಳಿದವರು ಆಮೇಲೆ ಏನು ಮಾಡಿದರು ಎಂದು ಯಾರೂ ವಿಚಾರಿಸಿರಲಿಲ್ಲ. ಪ್ರಿಯದರ್ಶಿನಿ ಅದನ್ನೇ ವಿಷಯ ಮಾಡಿಕೊಂಡು ಅರವತ್ತೆರಡು ಜನರನ್ನು ಮಾತಾಡಿಸಿದಳು. ಸಂದೇಶದ ಒಂದೊಂದು ಮಾತೂ ಅವರಿಗೆ ಬಾಯಿಪಾಠವಾಗಿತ್ತು. ಕಾಯಿಲೆಗೆ ಮಾತ್ರ ಹೊಸ ಹೆಸರು ಬಂದಿತ್ತು: ಕಸದ ಗಾಡಿ ಕೆಮ್ಮು. ಕೆಲಸದ ಜಾಗದಲ್ಲಿ ಯಾರಾದರೂ ಕೆಮ್ಮಿದರೆ "ಬಕೆಟ್ ತಗೊಂಬಾ" ಎನ್ನುತ್ತಿದ್ದರು. ಮೇಸ್ತ್ರಿ ಮನೆಗೆ ಕಳಿಸುತ್ತಿದ್ದ. ಹನ್ನೊಂದು ಜನ ಕೆಮ್ಮನ್ನು ಮುಚ್ಚಿಟ್ಟಿದ್ದರು. ಟಿಬಿಗೆ ಆರು ತಿಂಗಳು ನುಂಗಬೇಕಾದ ಮಾತ್ರೆಯನ್ನು ಬಾಲಮ್ಮ ಮೂರನೇ ತಿಂಗಳಿಗೇ ಬಿಟ್ಟಿದ್ದಳು. ಇದೆಲ್ಲ ಪ್ರಬಂಧದ ನಾಲ್ಕನೇ ಅಧ್ಯಾಯವಾಯಿತು.

ಆ ಬೆಳಿಗ್ಗೆ ಹನ್ನೊಂದಕ್ಕೆ ಅವಳು ಮಧುಕರ್ ಎದುರು ಕುಳಿತಳು. ಪ್ರಬಂಧ ಸಲ್ಲಿಸಲು ಅವರ ಸಹಿ ಬೇಕು.

"ನಾಲ್ಕನೇ ಚಾಪ್ಟರ್ ತೆಗಿ, ಇವತ್ತೇ ಸೈನ್ ಮಾಡ್ತೀನಿ."

"ತೆಗೆದ್ರೆ ಉಳಿಯೋದೇನು ಸರ್?"

"ಪಿಎಚ್‌ಡಿ ಉಳಿಯುತ್ತೆ." ಅವರು ಹಾಳೆ ತಿರುವಿದರು. "ಅಲ್ಲಮ್ಮ, ಮೈಕಲ್ಲಿ ಕೂಗಿದ್ದು ನೀನು. ಈಗ ಜನ ಬೈತಾರೆ ಅಂತ ನನ್ನ ಮೇಲೆ ಬರೀತೀಯಾ? ಧ್ವನಿ ನಂದೇ ಅಂತ ಇದರಲ್ಲಿ ಎಲ್ಲಿ ಬರೆದಿದೀಯಾ, ತೋರಿಸು."

ತೋರಿಸಲು ಏನೂ ಇರಲಿಲ್ಲ. ಇನ್ನೂರ ಹನ್ನೆರಡು ಪುಟಗಳಲ್ಲಿ ಅದು ಬರೀ 'ಒಂದು ಹೆಣ್ಣುಧ್ವನಿ' ಎಂದಿತ್ತು. ಮೇಜಿನ ಮೇಲಿನ ಪ್ರಶಸ್ತಿ ಫಲಕವನ್ನು ಎತ್ತಿ ಕಿಟಕಿಗೆ ಎಸೆಯಬೇಕೆನಿಸಿತು. ಅವಳು ಹಾಳೆಗಳನ್ನು ಜೋಡಿಸಿಕೊಂಡು ಎದ್ದಳು.

ಹೊರಗೆ ಚಹಾದಂಗಡಿಯಲ್ಲಿ ಜೊತೆಯ ಸಂಶೋಧಕಿ ಮೆಹ್ವಿಶ್ ಎಲ್ಲ ಕೇಳಿಸಿಕೊಂಡಳು. "ಐದು ವರ್ಷ ಅವರ ಫೈಲ್ ಹೊತ್ತಿದೀಯಾ ಕಣೇ. ಒಂದು ಚಾಪ್ಟರ್ ಕಿತ್ತಾಕು. ಡಾಕ್ಟರ್ ಆದ್ಮೇಲೆ ಬುಕ್ ಮಾಡಿ ಮುಖಕ್ಕೆ ಹೊಡಿ."

"ಅಷ್ಟರಲ್ಲಿ ಬಾಲಮ್ಮ ಇರ್ತಾಳಾ?"

"ಅವಳು ನಿನ್ನ ಮುಖ ನೋಡೋಲ್ಲ ಅಂತೀಯಾ!"

"ನೋಡಲ್ಲ. ಅದಕ್ಕೇ."

ಅಧ್ಯಾಯವನ್ನು ಅವಳು ತೆಗೆಯಲಿಲ್ಲ. ಸಂಶೋಧನಾ ವಿಧಾನದ ಭಾಗದಲ್ಲಿ ಮೂರು ಸಾಲು ಸೇರಿಸಿದಳು: 'ಈ ಧ್ವನಿ ಸಂಶೋಧಕಿಯದೇ. ಆಕೆ ಇದೇ ಗಲ್ಲಿಯ ನಿವಾಸಿ. ಕಾಯಿಲೆಗೆ ಅಡ್ಡಹೆಸರು ಬರಲು ಕಾರಣವಾದ ಸಂದೇಶವನ್ನು ಓದಿದ್ದು ಆಕೆ.' ಮರುದಿನ ಮಧ್ಯಾಹ್ನ ಬಾಲಮ್ಮನ ಬಾಗಿಲು ತಟ್ಟಿ ಅದನ್ನು ಓದಿ ಹೇಳಿದಳು.

"ನನ್ನ ಹೆಸರು ಹಾಕೀದಿ?" ಬಾಗಿಲು ಅರ್ಧ ಮಾತ್ರ ತೆರೆದಿತ್ತು.

"ಇಲ್ಲ ಚಿಗವ್ವಾ. ನಂದು ಹಾಕೀನಿ."

"ಹಾಕ್ಕೋ. ಆ ಗಾಡಿ ಬಾಯಿ ಮುಚ್ಚಿಸಿ ಬಾ, ಆಮ್ಯಾಗ ಗುಳಿಗಿ ಮಾತಾಡು."

ಬಾಗಿಲು ಮತ್ತೆ ಮುಚ್ಚಿತು.

ಶುಕ್ರವಾರ ಅವಳು ಕೇಂದ್ರದ ಕಚೇರಿಗೆ ಸಹಿಯಿಲ್ಲದ ಪ್ರಬಂಧವನ್ನೂ ಮಾರ್ಗದರ್ಶಕರನ್ನು ಬದಲಿಸಬೇಕೆಂಬ ಅರ್ಜಿಯನ್ನೂ ಕೊಟ್ಟಳು. ಗಾಡಿಯಿಂದ ತನ್ನ ಧ್ವನಿಯನ್ನು ತೆಗೆಯಬೇಕೆಂದು ಇನ್ನೊಂದು ಪತ್ರ ಬರೆದು ಅದಕ್ಕೂ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡಳು. ಶನಿವಾರ ಏಳೂಕಾಲಕ್ಕೆ ಗಾಡಿ ಎಂದಿನಂತೆ ಅವಳದೇ ಧ್ವನಿಯಲ್ಲಿ ಕೂಗುತ್ತಾ ಬಂತು. ಅವಳ ಅರ್ಜಿ, ಪತ್ರಗಳನ್ನು ತೀರ್ಮಾನಿಸಲು ಬರುವ ಮಂಗಳವಾರ ಹನ್ನೊಂದಕ್ಕೆ ಸಂಶೋಧನಾ ಸಮಿತಿ ಸೇರಲಿದೆ. ಅದರ ಐವರು ಸದಸ್ಯರಲ್ಲಿ ಮಧುಕರ್ ಒಬ್ಬರು.