ಅಂಗಳದವರು ಮಜ್ಜಿಗೆ ಬಿಟ್ಟ ಬೇಸಿಗೆ

ಹೆಂಗಸರು ಬರೆದ ಕಾದಂಬರಿಗಳಿಂದ ನಮ್ಮ ಸಾಹಿತ್ಯಕ್ಕೆ ಏನಾಯಿತು ಎಂದು ಯಾರಾದರೂ ಕೇಳಿದರೆ ನನಗೆ ಉತ್ತರಕ್ಕಿಂತ ಮೊದಲು ಸೀನು ಬರುತ್ತದೆ. ನಗಬೇಡಿ. ನಾನು ಕಾದಂಬರಿ ಓದಲು ಕಲಿತದ್ದು ಬ್ಯಾಡಗಿಯಲ್ಲಿ, ಮೆಣಸಿನಕಾಯಿ ರಾಶಿಯ ಪಕ್ಕ, ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು.

ಎಂಬತ್ತರ ದಶಕದ ನಡುವಿನ ಮಾತು. ಅಪ್ಪ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ. ಸುಗ್ಗಿ ಬಂತೆಂದರೆ ಅಂಗಡಿಯ ಚೀಲಗಳು ನಮ್ಮ ಹಿತ್ತಲ ಅಂಗಳಕ್ಕೆ ಬಂದು ಬೀಳುತ್ತಿದ್ದವು. ಓಣಿಯ ಹೆಂಗಸರು ಸುತ್ತ ಕುಳಿತು ತೊಟ್ಟು ಮುರಿಯುತ್ತಿದ್ದರು. ಆ ಅಂಗಳದ ಯಜಮಾನಿಕೆ ಅಪ್ಪನ ತಾಯಿಯದು. ಆಯಿ ಅನ್ನುತ್ತಿದ್ದೆವು. ಆಯಿಗೆ ಅಕ್ಷರ ಬರುತ್ತಿರಲಿಲ್ಲ. ಮಾತು ಬರುತ್ತಿತ್ತು, ಬೇಕಾದ್ದಕ್ಕಿಂತ ಒಂದು ಮುಷ್ಟಿ ಹೆಚ್ಚೇ. ಗುತ್ತಲದ ಕಡೆಯ ಹಳ್ಳಿಯೊಂದರಲ್ಲಿ ಕಟ್ಟೆಯ ಮೇಲೆ ಕುಳಿತು ನ್ಯಾಯ ಹೇಳುತ್ತಿದ್ದ ಹಿರಿಯನ ಮಗಳು ಆಕೆ. ಕಂಬದ ಮರೆಯಲ್ಲಿ ನಿಂತು ಕೇಳಿ ಕೇಳಿ ತನ್ನಪ್ಪನ ಗಾದೆಗಳನ್ನೆಲ್ಲ ಬಾಯಿಗೆ ಇಳಿಸಿಕೊಂಡು ನಮ್ಮ ಮನೆಗೆ ಸೊಸೆಯಾಗಿ ಬಂದಿದ್ದಳು. ನನ್ನ ಕನ್ನಡದಲ್ಲಿ ಉಪ್ಪುಖಾರ ಏನಾದರೂ ಇದ್ದರೆ ಅದು ಅವಳದು. ವ್ಯಾಕರಣ ಮಾತ್ರ ಶಾಲೆಯದು.

ಅಂಗಡಿಯ ಸಾಹುಕಾರರ ಮನೆಯವರೆಲ್ಲ ಓದಿ ಮುಗಿಸಿದ ವಾರಪತ್ರಿಕೆ ಅಪ್ಪನ ಖಾಲಿ ಊಟದ ಡಬ್ಬಿಯ ಜೊತೆ ನಮ್ಮ ಮನೆಗೆ ಬರುತ್ತಿತ್ತು. ಆಗ ವಾರಪತ್ರಿಕೆ ಅಂದರೆ ಲೇಖಕಿಯರ ಧಾರಾವಾಹಿ. ಉಳಿದದ್ದೆಲ್ಲ ಅದಕ್ಕೆ ಸುತ್ತಿದ ಹಾಳೆ. ಆ ವರ್ಷ ಓಡುತ್ತಿದ್ದದ್ದು ಮನೆಮಾತಾಗಿದ್ದ ಒಬ್ಬ ಲೇಖಕಿಯ ಕಾದಂಬರಿ. ಪಿಯುಸಿ ಪರೀಕ್ಷೆ ಬರೆದು ಕೂತಿದ್ದ ನಾನು ಓದುವವಳು, ಅಂಗಳದವರು ಕೇಳುವವರು. ಪುಸ್ತಕದಲ್ಲಿ ‘ಅಮ್ಮ ಕಾಫಿ ತಂದಿಟ್ಟಳು’ ಎಂದಿದ್ದರೆ ‘ಅವ್ವ ಚಾ ತಂದಿಟ್ಲು’ ಎಂದು ಓದುತ್ತಿದ್ದೆ. ಕಾಫಿ ಕುಡಿಯುವ ತನಕ ಆ ಹುಡುಗಿ ಯಾವುದೋ ದೂರದ ಊರವಳು. ಚಾ ಕುಡಿದಳೆಂದರೆ ನಮ್ಮ ಓಣಿಯವಳು.

ಅಂಗಳದಲ್ಲಿ ಆಯಿಗೆ ಎದುರು ಮಾತಾಡುವ ಧೈರ್ಯ ಒಬ್ಬಳಿಗೇ ಇತ್ತು. ಹಿಂದಿನ ಓಣಿಯ ಮುಸಲ್ಮಾನರ ಮನೆಯ ಹೆಂಗಸು, ಮಕ್ಕಳಾದ ನಮಗೆಲ್ಲ ಖಾಲಾ. ಮನೆಯಲ್ಲಿ ಉರ್ದು, ಅಂಗಳದಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ. ಕತೆಯೊಳಗೆ ಮುದುಕಿಯೊಬ್ಬಳು ಸಾಯುವ ಜಾಗದಲ್ಲಿ ನಾನು ಸೀನಿದರೆ ಖಾಲಾ ಕೈ ನಿಲ್ಲಿಸದೆ ಕೇಳುವಳು: “ಈಗ ಸೀನಿದ್ದು ಯಾರ? ನೀನೋ, ಸಾಯೂ ಮುದುಕಿಯೋ? ಮುದುಕಿ ಆಗಿದ್ರ ಇನ್ನೂ ಆಸೆ ಐತಿ ನೋಡು.”

ಕತೆಯ ನಾಯಕಿ ಹೊಳೆದಂಡೆಯ ಊರಿನ ಪೋಸ್ಟ್‌ಮಾಸ್ತರನ ಮಗಳು. ಜಾಣೆ. ಕಾಲೇಜಿಗೆ ಹೋಗಬೇಕೆಂದು ಅವಳ ಹಟ. ಒಳ್ಳೆಯ ಮನೆತನ ಕೇಳಿಕೊಂಡು ಬಂದಿದೆ, ಓದು ಸಾಕೆಂದು ಅವಳಪ್ಪನ ಹಟ. ಅಂಗಳದವರು ಅವಳನ್ನು ಹೆಸರಿನಿಂದ ಕರೆಯಲೇ ಇಲ್ಲ. ‘ನಮ್ಮ ಹುಡುಗಿ’ ಎನ್ನುತ್ತಿದ್ದರು. ಕಂತು ಮುಗಿದ ಮೇಲೆ ನ್ಯಾಯ ಕೂಡಬೇಕು, ಅದು ಅಲ್ಲಿಯ ಪದ್ಧತಿ. ಊರ ಕಟ್ಟೆಯ ಮೇಲೆ ಗಂಡಸರು ಹೊಲದ ಬದುವಿನ ಜಗಳ ತೀರಿಸುವ ಹಾಗೆ ಇವರು ಕಾದಂಬರಿಯ ಜಗಳ ತೀರಿಸುತ್ತಿದ್ದರು. ಒಬ್ಬಳು ಅಪ್ಪನ ಪರ, ಒಬ್ಬಳು ಮಗಳ ಪರ. ಎಲ್ಲರದೂ ಆದ ಮೇಲೆ ಆಯಿ ಒಂದು ಹಿಡಿ ಮೆಣಸಿನಕಾಯಿ ಕೈಗೆತ್ತಿಕೊಂಡು ಕಡೆಯ ಮಾತು ಹೇಳಬೇಕು. ಕಾಯಿ ರಾಶಿಗೆ ಬಿತ್ತೆಂದರೆ ನ್ಯಾಯ ಮುಗಿಯಿತು, ಆಮೇಲೆ ತಕರಾರಿಲ್ಲ.

ಪೋಸ್ಟ್‌ಮಾಸ್ತರ ಮಗಳ ಪುಸ್ತಕ ಕಸಿದುಕೊಂಡ ಕಂತಿನ ದಿನ ಒಬ್ಬ ಹೆಂಗಸು, “ಪಾಪ, ಅಪ್ಪಂದರ ಏನ ತಪ್ಪ? ಹೆಣ್ಣ ಹೆತ್ತಾವ, ಚಿಂತಿ ಇರತೈತಿ” ಎಂದಳು.

“ಚಿಂತಿ ಇದ್ರ ನಿದ್ದಿಗೆಡಲಿ, ಪುಸ್ತಕ ಯಾಕ ಕಸೀಬೇಕು?” ಎಂದಳು ಖಾಲಾ.

ಆಯಿ ಕಾಯಿ ಎತ್ತಿಕೊಂಡಳು. “ಓದೂ ಹುಡುಗಿನ್ನ ಪುಸ್ತಕದ ಮುಂದಿಂದ ಎಬ್ಬಿಸೂದೂ ಒಂದ, ಉಣ್ಣೂ ಕೂಸಿನ್ನ ತಾಟಿನ ಮುಂದಿಂದ ಎಬ್ಬಿಸೂದೂ ಒಂದ. ಅಂಥಾವರ ಮನ್ಯಾಗ ಹನಿ ನೀರ ಮುಟ್ಟಬಾರದು.” ಕಾಯಿ ರಾಶಿಗೆ ಬಿತ್ತು. ನನ್ನ ಎದೆ ಸಂತೋಷದಿಂದ ಉಬ್ಬಿತು. ರಾಣೇಬೆನ್ನೂರಿನ ಕಾಲೇಜಿನಲ್ಲಿ ಬಿ.ಎ. ಓದಬೇಕೆಂಬ ಆಸೆ ನನ್ನೊಳಗೂ ಕುದಿಯುತ್ತಿತ್ತು; ಆಯಿಯ ಬಾಯಿಂದ ಇಷ್ಟು ಬಂದ ಮೇಲೆ ಇನ್ನೇನು ಬೇಕು ಅಂದುಕೊಂಡೆ.

ಕೆಲವೇ ದಿನಗಳಲ್ಲಿ ಹಲಗೇರಿಯಿಂದ ನನ್ನನ್ನು ನೋಡಲು ಬಂದರು.

ವರನ ಸೋದರಮಾವ ಹೊಸ್ತಿಲು ದಾಟುವಾಗಲೇ ಸೀನಿದ. ಗಾದಿಯ ಮೇಲೆ ಕುಳಿತು ಸೀನಿದ, ಹುಡುಗಿಯ ಹೆಸರು ಕೇಳಬೇಕೆಂದು ಬಾಯಿ ತೆರೆದು ಸೀನಿದ. ಕಣ್ಣೀರು ಒರೆಸಿಕೊಳ್ಳುತ್ತ, “ಈ ಊರಾಗ ನೀವು ಹೆಂಗ ಬಾಳೇವು ಮಾಡ್ತೀರಿ?” ಎಂದ.

“ಸೀನಕೋಂತ” ಎಂದಳು ಆಯಿ. “ಬ್ಯಾಡಗ್ಯಾಗ ಸೀನು ಶಕುನ ಅಲ್ರಿ. ಚಾ ಕುಡೀರಿ.”

ಎರಡೂ ಕಡೆಯವರು ನಕ್ಕರು, ಮನಸ್ಸು ಕೂಡಿತು. ಶ್ರಾವಣ ಮುಗಿದ ಮೇಲೆ ಲಗ್ನ ಎಂಬಲ್ಲಿಗೆ ಮಾತು ಬಂತು. ಅವರು ಹೋದ ಮೇಲೆ ನಾನು ಆಯಿಯ ಹತ್ತಿರ ಹೋಗಿ, “ಆಯಿ, ಕಾಲೇಜು?” ಎಂದೆ.

“ಮನಿತಾನ ಚಲೋ ಐತಿ. ಓದಿ ಯಾವ ಕಚೇರಿ ಆಳಾಕಿ ನೀ?” ಎಂದು ಎದ್ದು ಹೋದಳು. ಅಪ್ಪ ಪಂಚಾಂಗ ನೋಡುತ್ತಿದ್ದ. ಏಳನೆಯ ಇಯತ್ತೆಗೇ ಶಾಲೆ ಬಿಟ್ಟು ಮದುವೆಯಾಗಿ ಬಂದು, ಅತ್ತೆಯ ಎದುರು ಒಮ್ಮೆಯೂ ಗಟ್ಟಿಯಾಗಿ ಮಾತಾಡದ ನನ್ನ ಅವ್ವ ಚಾದ ಕಪ್ಪು ತೊಳೆಯುತ್ತಿದ್ದಳು.

ಸುದ್ದಿ ಓಣಿಗೆಲ್ಲ ಹರಡಲು ಎಷ್ಟು ಹೊತ್ತು? ಮರುದಿನ ಮಧ್ಯಾಹ್ನ ಎಂದಿನಂತೆ ಆಯಿ ಮಜ್ಜಿಗೆಯ ಗಡಿಗೆ ತಂದಳು. ಮೆಣಸಿನಕಾಯಿಯ ಘಾಟಿಗೆ ಗಂಟಲು ಹತ್ತಿ ಉರಿಯುವ ಹೊತ್ತು ಅದು. ಅಂಗಳದವರಿಗೆ ತಾನೇ ಮಜ್ಜಿಗೆ ಹಾಕುವುದು ಆಯಿಯ ದೊಡ್ಡಸ್ತಿಕೆ. ಆ ಕೆಲಸಕ್ಕೆ ಸೊಸೆಯನ್ನೂ ಬಿಡುತ್ತಿರಲಿಲ್ಲ. ಮೊದಲ ಲೋಟ ಖಾಲಾನ ಮುಂದೆ ಹಿಡಿದಳು. ಖಾಲಾ ಕೈ ಚಾಚಲಿಲ್ಲ.

“ಬ್ಯಾಡ ಯಕ್ಕಾ.”

“ಯಾಕ, ರೋಜಾ ಉಪವಾಸ ಏನು?”

“ರೋಜಾ ಅಲ್ಲ. ಈ ಮನ್ಯಾಗ ಹನಿ ನೀರ ಮುಟ್ಟಬಾರದಂತ ನ್ಯಾಯ ಆಗೇತಿ.”

“ಯಾವ ಸೂಳೀಮಗ ಮಾಡಿದ ನ್ಯಾಯ ಅದು?”

“ನೀನ ಮಾಡೀದಿ. ಬೈಯೂದಾದ್ರ ನೋಡ್ಕೊಂಡ ಬೈ.”

ಅಂಗಳದಲ್ಲಿ ತೊಟ್ಟು ಮುರಿಯುವ ಸದ್ದು ನಿಂತಿತು. ಆಯಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಮುಖ ಕಾಯಿಯ ಬಣ್ಣಕ್ಕೆ ತಿರುಗಿತು. “ಅದು ಕತಿ ಮಾತ, ಇದು ಮನಿ ಮಾತ!”

“ಕತಿ ಅಂತ ಅವತ್ತ ಹೇಳಿದ್ದೇನು? ಕಾಯಿ ಹಿಡದ ಹೇಳೀದಿ. ಮಾತ ಆಡಿದ್ರ ಹ್ವಾತು, ಮುತ್ತ ಒಡದ್ರ ಹ್ವಾತು. ಯಾರ ಗಾದಿಮಾತ ಅದು? ನಿಮ್ಮಪ್ಪಂದೋ, ನಮ್ಮಪ್ಪಂದೋ?”

ಒಬ್ಬೊಬ್ಬರಾಗಿ ಎಲ್ಲರೂ ಎದ್ದು ಓಣಿಯ ನಳಕ್ಕೆ ಹೋಗಿ ಬೊಗಸೆಯಲ್ಲಿ ಬಿಸಿನೀರು ಕುಡಿದು ಬಂದರು. ಬೇಸಿಗೆಯ ನಳದ ನೀರು, ಚಾ ಮಾಡಬಹುದು ಅಷ್ಟು ಸುಡುತ್ತಿತ್ತು. ಬಂದು ಕುಳಿತು, “ಓದವ್ವಾ, ಮುಂದ ಏನಾತು?” ಎಂದು ನನಗೆ ಹೇಳಿದರು. ಕೆಲಸ ನಿಲ್ಲಿಸಲಿಲ್ಲ, ಜಗಳ ತೆಗೆಯಲಿಲ್ಲ. ಮಜ್ಜಿಗೆ ಮಾತ್ರ ಮುಟ್ಟಲಿಲ್ಲ. ಸಂಜೆಗೆ ಆಯಿ ತುಂಬಿದ ಗಡಿಗೆಯನ್ನು ಎಮ್ಮೆಗೆ ಸುರಿದಳು. ಮರುದಿನವೂ ಅದೇ. ಎಮ್ಮೆಗೆ ಮಾತ್ರ ಆ ವಾರ ಹಬ್ಬ.

ಅದರ ಮರುದಿನ ನಡೆದದ್ದು ಇಂದಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಜ್ಜಿಗೆಯ ಹೊತ್ತಿಗೆ ಅವ್ವ ಅಡುಗೆಮನೆಯಿಂದ ಹೊರಗೆ ಬಂದಳು. ಖಾಲಾನ ಪಕ್ಕ ಕುಳಿತು ತಾನೂ ಒಂದು ಹಿಡಿ ಕಾಯಿ ತೆಗೆದುಕೊಂಡು ತೊಟ್ಟು ಮುರಿಯತೊಡಗಿದಳು. ಆಯಿ ಅಭ್ಯಾಸದಿಂದ ಅವಳ ಮುಂದೆಯೂ ಲೋಟ ಇಟ್ಟಳು. ಅವ್ವ ಲೋಟವನ್ನು ಹಾಗೆಯೇ ಮೆಲ್ಲಗೆ ಹಿಂದಕ್ಕೆ ಸರಿಸಿದಳು. ಆಮೇಲೆ ಸೆರಗು ಹೊದ್ದುಕೊಂಡು ಓಣಿಯ ನಳಕ್ಕೆ ನಡೆದಳು.

ಆಯಿ ಬಾಗಿಲ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಸಂಜೆ ಅಪ್ಪ ಅಂಗಡಿಯಿಂದ ಬಂದಾಗ ಅಲ್ಲಿಂದಲೇ ಹೇಳಿದಳು: “ತಮ್ಮಾ, ಲಗ್ನ ಬ್ಯಾಡ. ಹುಡುಗಿ ಓದಲಿ.”

ಅಪ್ಪ ನಕ್ಕ. “ಏನಬೇ, ಕತಿ ಪುಸ್ತಕ ಕೇಳಿ ಯಾರರ ಲಗ್ನ ಬಿಡ್ತಾರೇನು? ಮಂದಿ ನಗ್ತಾರ.”

“ನಗಲಿ. ಮಂದಿ ನಕ್ಕಿದ್ದ ನಾ ತಡಕೋತೀನಿ, ನನ್ನ ಮಜ್ಜಿಗಿ ಎಮ್ಮಿ ಕುಡಿಯೂದ ತಡಕೊಳ್ಳಾಕ ಆಗೂದಿಲ್ಲ.” ತಡೆದು, ದನಿ ಇಳಿಸಿ ಹೇಳಿದಳು: “ನಮ್ಮಪ್ಪ ತನ್ನ ಹೊಲದ ಬದುವಿಗೂ ಮಂದಿ ಹೊಲದ ಬದುವಿಗೂ ಒಂದ ನ್ಯಾಯ ಹೇಳ್ದಾವ. ನಾ ಅವನ ಮಗಳು.”

ಮರುದಿನ ಬೆಳಿಗ್ಗೆ ಆಯಿ ತಾನೇ ಬಸ್ಸು ಹತ್ತಿ ಹಲಗೇರಿಗೆ ಹೋದಳು. ಅಲ್ಲಿ ಏನೇನು ಅನ್ನಿಸಿಕೊಂಡಳೋ, ಕೊನೆಯ ತನಕ ಬಾಯಿ ಬಿಡಲಿಲ್ಲ. ತಿರುಗಿ ಬಂದವಳು ಕೈಕಾಲು ತೊಳೆಯದೆ ನೆಟ್ಟಗೆ ಅಂಗಳಕ್ಕೆ ಬಂದು ಗಡಿಗೆ ಇಳಿಸಿದಳು. “ಮೂರ ವರ್ಷ ಕಾಯಾಕ ಆಗೂದಿಲ್ಲ ಅಂದ್ರು. ಬ್ಯಾಡ ಬಿಡ್ರಿ ಅಂದ ಬಂದೆ. ಈಗರ ಕುಡೀರಿ, ಹಟಮಾರಿಗೋಳ್ರಾ!”

ಖಾಲಾ ಒಂದೇ ಗುಟುಕಿಗೆ ಲೋಟ ಖಾಲಿ ಮಾಡಿ ಮತ್ತೆ ಮುಂದೆ ಹಿಡಿದಳು. “ಉಪ್ಪ ಕಮ್ಮಿ ಐತಿ ಯಕ್ಕಾ.” ಆ ಅಂಗಳದಲ್ಲಿ ಅಂಥ ನಗು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಅವ್ವ ಕುಡಿದದ್ದು ಕೊನೆಗೆ. ಕುಡಿಯುವಾಗ ಅವಳ ಕಣ್ಣಲ್ಲಿ ನೀರಿತ್ತು. ಕಾಯಿಯ ಘಾಟು ಎಂದಳು.

ಆದರೆ ಧಾರಾವಾಹಿ ಮುಗಿದಿರಲಿಲ್ಲ. ಕೊನೆಯ ಕಂತು ಬಂದದ್ದು ನಾನು ಕಾಲೇಜಿಗೆ ಹೊರಡುವ ಹಿಂದಿನ ವಾರ. ಪೋಸ್ಟ್‌ಮಾಸ್ತರನ ಮಗಳು ಸೋತಳು. ಲಗ್ನವಾಯಿತು, ಪುಸ್ತಕಗಳನ್ನು ಅಟ್ಟಕ್ಕೆ ಹಾಕಿ ಗಂಡನ ಮನೆಗೆ ಹೋದಳು. ಕತೆ ಅಷ್ಟೇ.

ಯಾರೂ ನ್ಯಾಯ ಕೂಡಲಿಲ್ಲ. ಆಯಿ ಒಂದು ಹಿಡಿ ಕಾಯಿ ಎತ್ತಿಕೊಂಡವಳು ಹಾಗೆಯೇ ಹಿಡಿದು ಕುಳಿತಿದ್ದಳು. ಕಡೆಗೆ ಖಾಲಾ ಹೇಳಿದಳು: “ಇರಲಿ ಬಿಡು ಯಕ್ಕಾ. ಆಕಿಗೆ ನಮ್ಮಂಥಾ ಅಂಗಳ ಇರಲಿಲ್ಲ.”

ನಾನು ಹೊರಟ ಬೆಳಿಗ್ಗೆ ಹೊಸ್ತಿಲಿನಲ್ಲಿ ಕಾಲಿಟ್ಟಾಗ ಹಿಂದೆ ಯಾರೋ ಸೀನಿದರು. ಅಪ್ಪ ಅಭ್ಯಾಸದಿಂದ, “ಒಂಚೂರ ಕುಂತು ಹೋಗಲಿ” ಎಂದ. ಆಯಿ ನನ್ನ ಬೆನ್ನಿಗೆ ಕೈಹಚ್ಚಿ ನೂಕಿದಳು. “ಎಂಥಾ ಕೂಡೂದು? ಇದು ಬ್ಯಾಡಗಿ. ನಡಿ, ರೈಲ್ ಬರೂ ಹೊತ್ತಾತು!”

ರಾಣೇಬೆನ್ನೂರಿನಲ್ಲಿ ಓದಿದೆ, ಮುಂದೆ ಎಂ.ಎ.ಯನ್ನೂ ಮುಗಿಸಿ ಹಾವೇರಿಯ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳಲು ಸೇರಿದೆ. ಅಲ್ಲಿ ಕೇಳಿದೆ ನೋಡಿ, ಹೆಂಗಸರ ಕಾದಂಬರಿ ಅಂದರೆ ಅಡುಗೆಮನೆ ಸಾಹಿತ್ಯ ಎಂಬ ಮಾತನ್ನು. ಸ್ಟಾಫ್ ರೂಮಿನಲ್ಲಿ ಹಿರಿಯರೊಬ್ಬರು ಅದನ್ನು ಗಾದೆಯ ಹಾಗೆ ಹೇಳುತ್ತಿದ್ದರು. ನಾನು ಜಗಳವಾಡಲಿಲ್ಲ, ಪಾಠ ಮಾಡಿದೆ. ತೊಂಬತ್ತರ ದಶಕ ಬರುವ ಹೊತ್ತಿಗೆ ಕಾಲವೇ ನನ್ನ ಪರವಾಗಿ ವಾದಿಸುತ್ತಿತ್ತು. ನಾಯಕಿ ಹೊಸ್ತಿಲಲ್ಲಿ ನಿಂತು ಅಳುವುದನ್ನು ಬಿಟ್ಟು ಹೊಸ್ತಿಲು ದಾಟಿದಳು. ನಮ್ಮ ಕಡೆಯ ಮಾತಿನಲ್ಲೇ, ಐತಿ, ಬರತೈತಿ ಎನ್ನುತ್ತಲೇ ಹೆಂಗಸರು ಬರೆದರು, ಅಚ್ಚಾಯಿತು, ಬಹುಮಾನಗಳೂ ಬಂದವು. ಈಗ ಓದುವಾಗ ಕಾಫಿಯನ್ನು ಚಾ ಮಾಡುವ ಕೆಲಸ ನನಗಿರಲಿಲ್ಲ; ಪುಸ್ತಕದೊಳಗೇ ಚಾ ಕುದಿಯುತ್ತಿತ್ತು. ಮುಂದೆ ಆ ಹಿರಿಯರ ಮಗಳೇ ನನ್ನ ಕ್ಲಾಸಿಗೆ ಬಂದು ಲೇಖಕಿಯರ ಕಾದಂಬರಿಗಳ ಮೇಲೆ ಪ್ರಬಂಧ ಬರೆದಳು. ಅಪ್ಪನ ಎದುರಿಗೇ ಓದಿದಳು.

ಹಾವೇರಿ ಜಿಲ್ಲೆಯಾದ ಹೊಸದರಲ್ಲಿ ಅದೇ ಧಾರಾವಾಹಿಯ ಲೇಖಕಿ ನಮ್ಮ ಕಾಲೇಜಿಗೆ ಭಾಷಣಕ್ಕೆ ಬಂದರು. ಆಯಿ, ಅವ್ವ, ಖಾಲಾ ಮೂವರನ್ನೂ ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿದ್ದೆ. ಭಾಷಣ ಮುಗಿದು ‘ಪ್ರಶ್ನೆ ಇದ್ದರೆ ಕೇಳಬಹುದು’ ಎಂದದ್ದೇ ತಡ, ಆಯಿ ಕೋಲೂರಿ ಎದ್ದಳು.

“ಯವ್ವಾ, ಆ ಪೋಸ್ಟ್‌ಮಾಸ್ತರನ ಮಗಳನ್ನ ಯಾಕ ಸೋಲಿಸಿದ್ರಿ?”

ಸಭೆ ನಕ್ಕಿತು. ಲೇಖಕಿ ನಗಲಿಲ್ಲ. “ಗೆಲ್ಲಿಸಬೇಕೂಂತಲೇ ಬರೆಯೋಕೆ ಕೂತಿದ್ದೆ ಅಮ್ಮ. ಸುತ್ತಮುತ್ತ ಗೆದ್ದ ಹುಡುಗಿ ಒಬ್ಬಳೂ ಕಾಣಲಿಲ್ಲ. ಸುಳ್ಳು ಬರೆಯೋಕೆ ಕೈ ಬರಲಿಲ್ಲ” ಎಂದರು. ದನಿಯಲ್ಲಿ ಇನ್ನೂ ನೋವಿತ್ತು.

“ಹಂಗಾರ ಈಗ ನೋಡ್ರಿ” ಎಂದು ಆಯಿ ಕೋಲು ಎತ್ತಿ ವೇದಿಕೆಯ ಮೇಲಿದ್ದ ನನ್ನನ್ನು ತೋರಿಸಿದಳು. “ನೀವು ಸೋಲಿಸಿದ್ರಿ, ನಾವು ಗೆಲ್ಲಿಸಿದ್ವಿ.”

“ಸುಳ್ಳ ಹೇಳಬ್ಯಾಡ ಯಕ್ಕಾ, ನಿನಗ ಮಜ್ಜಿಗಿ ಬಿಟ್ಟ ಬುದ್ಧಿ ಕಲಿಸಿದ್ವಿ” ಎಂದಳು ಖಾಲಾ, ಸಭೆಗೆಲ್ಲ ಕೇಳುವ ಹಾಗೆ. ಆಗ ಇಡೀ ಕತೆ ಹೊರಬಿತ್ತು. ಅಂಗಳದ ನ್ಯಾಯ, ನಳದ ಬಿಸಿನೀರು, ಅವ್ವ ಸರಿಸಿದ ಲೋಟ. ಲೇಖಕಿ ವೇದಿಕೆ ಇಳಿದು ಬಂದು ಅವ್ವನ ಎರಡೂ ಕೈ ಹಿಡಿದುಕೊಂಡರು.

ಊರಿಗೆ ಹೊರಡುವ ಮುನ್ನ ಆ ಅಂಗಳ ನೋಡಲೇಬೇಕೆಂದು ಹಟ ಹಿಡಿದು ನಮ್ಮ ಜೊತೆ ಬ್ಯಾಡಗಿಗೆ ಬಂದರು. ಹಿತ್ತಲ ಬಾಗಿಲು ತೆರೆದದ್ದೇ ಘಾಟು ಮೂಗಿಗೆ ಹೊಡೆದು ಸೀನಿದರು, ಒಂದರ ಮೇಲೊಂದು, ನಿಲ್ಲದ ಹಾಗೆ. ತೊಟ್ಟು ಮುರಿಯುತ್ತಿದ್ದ ಓಣಿಯ ಹೊಸ ಸೊಸೆಯಂದಿರು ಹೌಹಾರಿ ಎದ್ದರು. ಅವ್ವ ಗಡಿಗೆಯಿಂದ ಮಜ್ಜಿಗೆ ಬಗ್ಗಿಸಿ, ಎಲ್ಲರಿಗಿಂತ ಮೊದಲು, ಗಟ್ಟಿಯಾದ ದನಿಯಲ್ಲಿ ಹೇಳಿದಳು:

“ಬರ್ರಿ, ಒಳಗ ಬರ್ರಿ. ಇಲ್ಲಿ ಸೀನು ಶಕುನ ಅಲ್ಲ. ಈ ಮನಿ ಮಜ್ಜಿಗಿ ಈಗ ಕುಡೀಬಹುದು.”