ಹಲ್ಲುಮೇಸ್ತ್ರಿಯ ವಿಮಾನ

ಊರಿನ ಅರ್ಧದಷ್ಟು ಮುದುಕರು ನಗುವುದು ಅವನ ಹಲ್ಲಿನಿಂದ. ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ, ಪ್ಲಾಸ್ಟರ್ ಪುಡಿ ಕೂತು ಬೆಳ್ಳಗಾದ ಮೇಜಿನೆದುರು ಇಪ್ಪತ್ತೆರಡು ವರ್ಷದಿಂದ ಅವನು ಹಲ್ಲಿನ ಸೆಟ್ ಮಾಡುತ್ತಿದ್ದಾನೆ. ಡಾಕ್ಟರು ಅಳತೆ ತೆಗೆದು ಕಳಿಸುತ್ತಾರೆ ಅಷ್ಟೆ. ಅಚ್ಚು ಎರೆಯುವುದು, ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸುವುದು, ವಸಡು ತಿದ್ದುವುದು, ಉಜ್ಜಿ ಹೊಳಪು ಕೊಡುವುದು ಎಲ್ಲ ಇವನ ಪಾಲು. ಹೆಸರು ಬರುವುದು ಮಾತ್ರ ಡಾಕ್ಟರಿಗೆ. ಆ ಡಾಕ್ಟರೇ ಒಂದು ದಿನ ತಮಾಷೆಗೆ ಹಲ್ಲುಮೇಸ್ತ್ರಿ ಎಂದರು, ಅಂಟಿಕೊಂಡಿತು. ಈಗ ಹೆಂಡತಿಯ ತವರಿನವರೂ ಹಾಗೇ ಕರೆಯುತ್ತಾರೆ.

ಇಂಥವನಿಗೆ ಯುದ್ಧವಿಮಾನದ ಹುಚ್ಚು ಹೇಗೆ ಹಿಡಿಯಿತು ಎಂದು ಕೇಳಬೇಡಿ. ಕಾರಣ ಇದ್ದರೆ ಅದು ಹುಚ್ಚು ಹೇಗಾದೀತು? ಮನೆಯ ಕಂಪ್ಯೂಟರಿನಲ್ಲಿ ಒಂದು ಆಟ. ಹಳೆಯ ಮಹಾಯುದ್ಧದ ವಿಮಾನಗಳನ್ನು ನಿಜವಾದ ಪೈಲಟ್ಟಿನ ಹಾಗೆ ಹಾರಿಸಬೇಕು, ಬೀಳಿಸಬೇಕು, ತಾನು ಬೀಳದೆ ಮನೆ ಸೇರಬೇಕು. ಆ ಆಟದಲ್ಲಿ ಇಲ್ಲದ ವಿಮಾನಗಳನ್ನು ಆಡುವವರೇ ಕೈಯಾರೆ ಮಾಡಿ ಸೇರಿಸುತ್ತಾರೆ. ಅದಕ್ಕೆ ಮಾಡ್ ಎನ್ನುತ್ತಾರೆ. ನಮ್ಮ ಮೇಸ್ತ್ರಿಗೆ ಆಡುವುದು ಅಷ್ಟಕ್ಕಷ್ಟೆ, ಹತ್ತು ಸಲ ಏರಿದರೆ ಎಂಟು ಸಲ ಮೂತಿ ಒಡೆದುಕೊಳ್ಳುತ್ತಾನೆ. ಆದರೆ ಮಾಡುವುದರಲ್ಲಿ ಮಹಾ ಪಿರ್ಕಿ. ರೆಕ್ಕೆಯ ಮೇಲೆ ರಿವೆಟ್ಟುಗಳ ಸಾಲು ಎರಡೋ ಮೂರೋ ಎಂದು ತಿಳಿಯಲು ಒಂದು ತಿಂಗಳು ಕಳೆದವನು ಅವನು. ಹೆಂಡತಿ ಪ್ರೈಮರಿ ಶಾಲೆಯ ಟೀಚರು; ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಮಕ್ಕಳ ಪುಸ್ತಕ ತಿದ್ದುತ್ತಾ, "ಬಚ್ಚಲಿನ ನಲ್ಲಿ ಸೋರೋದು ಕಾಣಲ್ಲ, ಎಂಬತ್ತು ವರ್ಷದ ಹಿಂದಿನ ಮೊಳೆ ಕಾಣುತ್ತೆ" ಎನ್ನುತ್ತಾಳೆ. ಅವಳ ಮಾತು ನೂರಕ್ಕೆ ನೂರು ಸರಿ.

ಈ ಮಾಡ್ ಮಾಡುವವರದೊಂದು ಕೂಟ ಇದೆ. ಅದರಲ್ಲಿ 'ನಿಖರ ಪಟ್ಟಿ' ಅಂತ ಒಂದಿದೆ. ಚರಿತ್ರೆಗೆ ಕೂದಲೆಳೆಯಷ್ಟೂ ತಪ್ಪದ ವಿಮಾನಕ್ಕೆ ಮಾತ್ರ ಅಲ್ಲಿ ಜಾಗ. ಪರೀಕ್ಷಿಸುವವನು ಎಲ್ಲೋ ದೂರದ ಊರಿನವನು, ಕೂಟದಲ್ಲಿ ಅವನ ಹೆಸರು ಗಿಡುಗ. ಹೆಸರಿಗೆ ತಕ್ಕ ಕಣ್ಣು. ಮೇಸ್ತ್ರಿಯ ಎರಡು ವಿಮಾನಗಳನ್ನು ಅವನು ಆರು ವರ್ಷದಲ್ಲಿ ಮುಲಾಜಿಲ್ಲದೆ ತಳ್ಳಿಹಾಕಿದ್ದ, ಒಂದನ್ನಂತೂ ಚಕ್ರದ ಒಂದು ಬೋಲ್ಟಿಗಾಗಿ. ಮೂರನೆಯದು ಈ ಊರಿನ ಹೊರಗಿದ್ದ ಹಳೆಯ ವಿಮಾನದ ಮೈದಾನದಲ್ಲೇ ನಾಲ್ಕು ತಿಂಗಳು ಬೀಡುಬಿಟ್ಟಿದ್ದ ಒಂದು ಸಣ್ಣ ತುಕಡಿಯ ವಿಮಾನ. ಅದರ ಕಾಗದಪತ್ರವೆಲ್ಲ ಯುದ್ಧದಲ್ಲೇ ಸುಟ್ಟುಹೋಗಿತ್ತು. ಉಳಿದದ್ದು ಒಂದೇ ಒಂದು ಕಪ್ಪುಬಿಳುಪು ಫೋಟೋ: ವಿಮಾನದ ಮೂತಿಗೆ ಒರಗಿಕೊಂಡು ಯಾವುದೋ ಜೋಕಿಗೆ ನಗುತ್ತಿರುವ ಒಬ್ಬ ಪೈಲಟ್, ಇಬ್ಬರು ಮೆಕ್ಯಾನಿಕ್ಕುಗಳು. ಮೂತಿಯ ಸುತ್ತ ಒಂದು ಗೇಣು ಅಗಲದ ಕಪ್ಪು ಪಟ್ಟಿ. ಆಮೇಲೆ ಬಂದ ಪುಸ್ತಕಗಳೆಲ್ಲ ಬರೆದದ್ದು ಇದನ್ನು ನೋಡಿಯೇ. ಎಂಟು ತಿಂಗಳು ಬೆನ್ನು ಬಗ್ಗಿಸಿ ದುಡಿದ ಮೇಲೆ ಒಂದು ಸೋಮವಾರ ಗಿಡುಗನ ಉತ್ತರ ಬಂತು: ಒಪ್ಪಿದೆ, ಮುಂದಿನ ಭಾನುವಾರ ಬಿಡುಗಡೆ ಮಾಡಿ. ಮೇಸ್ತ್ರಿ ಆ ದಿನ ನಲ್ಲಿಯನ್ನೂ ರಿಪೇರಿ ಮಾಡಿದ, ಅಂದಮೇಲೆ ಖುಷಿ ಎಷ್ಟಿತ್ತು ನೋಡಿ.

ಮಂಗಳವಾರ ಅಜ್ಜಿ ಬಂದರು.

ತೊಂಬತ್ನಾಲ್ಕು ವರ್ಷ. ಮೇಣದ ಮೇಲೆ ಕೂರಿಸಿದ ಹಲ್ಲು ಬಾಯಿಗೆ ಸರಿಹೊಂದುತ್ತದೋ ಎಂದು ನೋಡುವ ದಿನ ಅದು. ಹೊರಗೆ ಕಾಯುವುದಕ್ಕೆ ತಾಳ್ಮೆ ಇಲ್ಲದೆ, ಕೋಲು ಊರಿಕೊಂಡು ನೇರ ಹಿಂದಿನ ಕೋಣೆಗೇ ನುಗ್ಗಿಬಿಟ್ಟರು. ಹಿಂದೆಯೇ ಎಪ್ಪತ್ತರ ಹತ್ತಿರದ ಮಗಳು, ಕೈಯಲ್ಲಿ ಎರಡು ಚೀಲ. ಮೇಜಿನ ಮೇಲ್ಗಡೆ ಗೋಡೆಗೆ ಮೇಸ್ತ್ರಿ ತನ್ನ ವಿಮಾನದ ಚಿತ್ರ ಅಂಟಿಸಿದ್ದ. ಅಜ್ಜಿ ಅದರ ಮುಂದೆ ನಿಂತರು. ಕನ್ನಡಕ ತೆಗೆದರು, ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು.

"ಇದರ ಮೂತಿಗೆ ಯಾರಪ್ಪಾ ಮಸಿ ಬಳಿದೋರು?"

ಮೇಸ್ತ್ರಿಗೆ ನಗು ಬಂತು. "ನಾನೇ ಅಜ್ಜಿ. ಯಾಕೆ?"

"ಕೆಂಪು ಕಣಯ್ಯಾ ಅದು! ಹದಿನಾಲ್ಕು ವರ್ಷ ನಂಗೆ. ಗಂಡಸರೆಲ್ಲಾ ಯುದ್ಧಕ್ಕೆ ಹೋಗಿದ್ರು. ವಿಮಾನದ ಮೈದಾನದ ಬಣ್ಣದ ಶೆಡ್ಡಲ್ಲಿ ನಾವು ಆರು ಜನ ಹುಡುಗೀರು. ನಮ್ಮೋರೇ ಕೆಳಗಿಂದ ನಮ್ಮ ವಿಮಾನಕ್ಕೆ ಗುಂಡು ಹೊಡೀಬಾರ್ದು ಅಂತ ಕೆಂಪು ಪಟ್ಟಿ. ಕಪ್ಪು ಬಳಿದ್ರೆ ದೂರಕ್ಕೆ ಯಾರಿಗೆ ಕಾಣುತ್ತೆ?"

"ಅಮ್ಮಾ, ಶುರು ಮಾಡ್ಬೇಡ," ಎಂದಳು ಮಗಳು. ಮೇಸ್ತ್ರಿಯ ಕಡೆ ತಿರುಗಿ, "ತಪ್ಪು ತಿಳ್ಕೋಬೇಡಿ ಸಾರ್. ಮನೇಲೂ ಇದೇ ಕಥೆ. ಮೊಮ್ಮಕ್ಕಳು ಅಜ್ಜಿ ವಿಮಾನ ಹಾರ್ತು ಅಂತ ಎದ್ದು ಹೋಗ್ತಾರೆ," ಎಂದು ನಕ್ಕಳು.

ಇಲ್ಲಿ ಮೇಸ್ತ್ರಿ ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು. ಊರವರ ಬಾಯಿಗೆಲ್ಲ ಹಲ್ಲು ಜೋಡಿಸುವವನಿಗೆ ತನ್ನ ಬಾಯಿ ಹಿಡಿತದಲ್ಲಿ ಇರಲಿಲ್ಲ ಅವತ್ತು. ತುಂಬ ನಯವಾಗಿಯೇ, ಮಗುವಿಗೆ ಹೇಳುವ ಹಾಗೆ ಹೇಳಿದ: "ಅಜ್ಜಿ, ಮೂರು ಪುಸ್ತಕದಲ್ಲಿ ಕಪ್ಪು ಅಂತಾನೇ ಇದೆ. ಫೋಟೋನೂ ಇದೆ. ನಿಮಗೆ ಬೇರೆ ಯಾವ್ದೋ ವಿಮಾನದ ನೆನಪಿರಬಹುದು."

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. "ಹೌದಪ್ಪಾ. ಇರಬಹುದು," ಎಂದರು ಮೆಲ್ಲಗೆ. ಆಮೇಲೆ ಬಾಯಿ ಮುಚ್ಚಿದವರು ತೆರೆಯಲೇ ಇಲ್ಲ. ಡಾಕ್ಟರು ಬಂದು ಪುಸಲಾಯಿಸಿದರು, ಮಗಳು ಗದರಿದಳು. ಊಹೂಂ. ಮೇಣದ ಹಲ್ಲು ಟ್ರೇಯಲ್ಲಿ ಹಾಗೇ ಉಳಿಯಿತು, ಅಜ್ಜಿ ಕೋಲು ಊರಿಕೊಂಡು ಮೆಟ್ಟಿಲಿಳಿದು ಹೋದರು. ಗುರುವಾರ ಡಾಕ್ಟರು ಬಾಗಿಲಿಗೆ ಬಂದು, "ಅಜ್ಜಿಗೆ ಹಲ್ಲೇ ಬೇಡವಂತೆ. ಗಂಜಿ ಕುಡ್ಕೊಂಡು ಇರ್ತಾರಂತೆ. ಏನಯ್ಯಾ ಅಂದೆ ನೀನು?" ಎಂದು ಕೇಳಿದರು. ಮೇಸ್ತ್ರಿ ಟ್ರೇಯಲ್ಲಿದ್ದ ಮೇಣದ ಹಲ್ಲನ್ನು ಎತ್ತಿ ಡಬ್ಬಿಗೆ ಹಾಕಿಟ್ಟ.

ಅಂದೇ ಸಂಜೆ ಗಿಡುಗನಿಗೆ ಬರೆದ, ಹೀಗೆ ಒಬ್ಬರು ಅಜ್ಜಿ ಕೆಂಪು ಅನ್ನುತ್ತಿದ್ದಾರೆ ಅಂತ. ಉತ್ತರ ಖಡಕ್ಕಾಗಿ ಬಂತು: "ಅಜ್ಜಿಯರ ನೆನಪು ಆಧಾರ ಅಲ್ಲ. ಆ ಕಾಲದ ಕೆಲವು ಫಿಲ್ಮುಗಳಿಗೆ ಕೆಂಪು ಕಾಣ್ತಿರಲಿಲ್ಲ, ಕಪ್ಪಾಗಿ ಬೀಳ್ತಿತ್ತು, ನಿಜ. ಕೆಲವಕ್ಕೆ ಕಾಣ್ತಿತ್ತು. ಈ ಫೋಟೋ ಯಾವ ಫಿಲ್ಮಿನದು ಅಂತ ಯಾರಿಗೂ ಗೊತ್ತಿಲ್ಲ. ಗೊತ್ತಾಗೋವರೆಗೆ ಕಪ್ಪು ಅಂದ್ರೆ ಕಪ್ಪು." ನ್ಯಾಯವಾದ ಮಾತೇ. ಅಷ್ಟಕ್ಕೇ ಬಿಟ್ಟುಬಿಡಬಹುದಿತ್ತು. ಆರು ವರ್ಷ ಕಾದ ತುತ್ತು ಕೈಗೆ ಬಂದಿದೆ, ಬಾಯಿಗೆ ಹಾಕಿಕೊಳ್ಳುವುದಷ್ಟೇ ಬಾಕಿ.

ಭಾನುವಾರ ಬೆಳಿಗ್ಗೆ ಬಿಡುಗಡೆಯ ಬಟನ್ ಒತ್ತುವ ಮೊದಲು ಕೊನೆಯ ಸಲ ಆ ಫೋಟೋವನ್ನು ದೊಡ್ಡದು ಮಾಡಿದ. ಎಂಟು ತಿಂಗಳಿನಿಂದ ಅದರಲ್ಲಿ ಅವನು ನೋಡಿದ್ದು ತಗಡು, ತಿರುಪು, ಬೆಸುಗೆ. ಮನುಷ್ಯರನ್ನು ನೋಡಿರಲೇ ಇಲ್ಲ. ಅವತ್ತು ಅಜ್ಜಿಯ ಮುಚ್ಚಿದ ಬಾಯಿ ತಲೆಯಲ್ಲಿ ಕೂತಿತ್ತೋ ಏನೋ, ಕಣ್ಣು ತಾನಾಗಿ ಆ ಮೂವರ ಬಾಯಿಯ ಕಡೆ ಹೋಯಿತು. ಪೈಲಟ್ಟಿನ ಹಲ್ಲು ಚೆನ್ನಾಗಿದೆ, ಮೇಲಿನ ಸಾಲು ಸ್ವಲ್ಪ ಮುಂದೆ. ವಸಡು...

"ಏ! ಬಾ ಇಲ್ಲಿ, ಬೇಗ ಬಾ!"

"ಏನ್ರೀ, ಮನೆಗೆ ಬೆಂಕಿ ಬಿತ್ತಾ?" ಹೆಂಡತಿ ಒದ್ದೆ ಕೈಯಲ್ಲೇ ಬಂದಳು.

"ವಸಡು ನೋಡು. ಮಸಿ ಕಪ್ಪು. ತುಟಿನೂ ಕಪ್ಪು. ಪಟ್ಟಿ ಎಷ್ಟು ಕಪ್ಪೋ ಅಷ್ಟೇ ಕಪ್ಪು! ಇಪ್ಪತ್ತೆರಡು ವರ್ಷದಿಂದ ವಸಡು ಮಾಡ್ತಿದ್ದೀನಿ ಕಣೇ. ಕೆಂಪನ್ನ ಕಪ್ಪು ಮಾಡೋ ಫಿಲ್ಮಿದು!"

ಹೆಂಡತಿ ಬಗ್ಗಿ ನೋಡಿದಳು. ಟೀಚರಮ್ಮ ಅಲ್ಲವೇ, ಅಷ್ಟು ಸುಲಭಕ್ಕೆ ಅಂಕ ಕೊಡುವವಳಲ್ಲ. "ಮಾವನೋರ ವಸಡೂ ಕಪ್ಪೇ ಇತ್ತಲ್ಲ. ಎಷ್ಟೋ ಜನಕ್ಕೆ ಹುಟ್ಟಿದಾಗಿಂದಲೇ ಇರುತ್ತೆ. ನಿಮ್ಮ ಗಿಡುಗ ಇದನ್ನ ಒಪ್ತಾನಾ?"

ಮೇಸ್ತ್ರಿ ಗಾಳಿ ಬಿಟ್ಟ ಬಲೂನಿನ ಹಾಗೆ ಕುರ್ಚಿಯಲ್ಲಿ ಕುಸಿದ. ನಿಜ, ಒಪ್ಪುವುದಿಲ್ಲ. ತಾನಾಗಿದ್ದರೂ ಒಪ್ಪುತ್ತಿರಲಿಲ್ಲ. ಹೆಂಡತಿ ಅಷ್ಟರಲ್ಲಿ ಮೌಸ್ ಕಿತ್ತುಕೊಂಡು ಚಿತ್ರವನ್ನು ಬಲಕ್ಕೆ ಸರಿಸಿದ್ದಳು.

"ಈ ಕೊನೆಯೋನು ನೋಡ್ರೀ, ಪೈಲಟ್ಟಿನ ಬೆನ್ನ ಹಿಂದೆ ನಿಂತ್ಕೊಂಡು ನಾಲಿಗೆ ಚಾಚ್ತಿದ್ದಾನೆ. ಆ ನಾಲಿಗೆನೂ ಕಪ್ಪು!" ಅವಳಿಗೇ ನಗು ತಡೆಯಲಾಗಲಿಲ್ಲ. "ದಿನಾ ಮೂವತ್ತು ನಾಲಿಗೆ ನೋಡೋಳು ನಾನು. ಕೊಳಕು ನಾಲಿಗೆ ನೋಡಿದ್ದೀನಿ, ಪೆನ್ಸಿಲ್ ಚೀಪಿದ ನಾಲಿಗೆ ನೋಡಿದ್ದೀನಿ. ಬೂಟ್ ಪಾಲಿಶ್ ಹಚ್ಚಿದ ಹಾಗಿರೋ ನಾಲಿಗೆ ಒಂದೂ ನೋಡಿಲ್ಲ."

ಮೇಸ್ತ್ರಿ ಬಿಡುಗಡೆ ರದ್ದು ಮಾಡಿದ. ಬಾಯಿಗಳನ್ನೆಲ್ಲ ದೊಡ್ಡದು ಮಾಡಿ, ಪಕ್ಕದಲ್ಲಿ ಪಟ್ಟಿಯ ಒಂದು ತುಂಡು ಇಟ್ಟು, ಗಿಡುಗನಿಗೆ ಕಳಿಸಿದ. ಗಿಡುಗ ಉರಿದುಬಿದ್ದ. ಒಪ್ಪಿಗೆಯಾದ ವಿಮಾನವನ್ನು ಹಿಂದಕ್ಕೆ ತೆಗೆದುಕೊಂಡವನು ಸಾಲಿನ ಕೊನೆಗೆ ಹೋಗಬೇಕು, ಅದು ಕೂಟದ ನಿಯಮ. ಅಂದರೆ ಇನ್ನೂ ಏಳು ತಿಂಗಳು, ಆಮೇಲೂ ಸಿಗುವ ಭರವಸೆ ಇಲ್ಲ. "ಒಂದು ಬಣ್ಣದ ಪಟ್ಟಿಗಾಗಿ ಇದೆಲ್ಲ ಬೇಕಾ? ಈಗಲೂ ಯೋಚನೆ ಮಾಡಿ," ಎಂದು ಬರೆದ. ಮೇಸ್ತ್ರಿ ಅದನ್ನು ಎರಡು ಸಲ ಓದಿದ, ಸುಳ್ಳೇಕೆ ಹೇಳಲಿ. "ಕೊನೆಗೇ ಹಾಕಿ. ಕಪ್ಪು ಪಟ್ಟಿ ಇಟ್ಟು ಬಿಡುಗಡೆ ಮಾಡಲ್ಲ ನಾನು," ಎಂದು ಬರೆದು ಕಳಿಸಿದ.

ಹನ್ನೊಂದು ದಿನ ಸುದ್ದಿಯಿಲ್ಲ. ಹನ್ನೆರಡನೆಯ ದಿನ ಉತ್ತರ ಬಂತು: "ನಮ್ಮ ಹತ್ತಿರ ಇರೋ ಎಲ್ಲಾ ಫೋಟೋಗಳ ಜೊತೆ ಹೋಲಿಸಿ ನೋಡಿದೆ. ನಿಮ್ಮ ಮಾತು ಸರಿ, ಕೆಂಪು ಕಾಣದ ಫಿಲ್ಮೇ ಇದು. ಇನ್ನು ಅಜ್ಜಿ ಮಾತು ತಳ್ಳಿಹಾಕೋ ಹಾಗಿಲ್ಲ. ಇಪ್ಪತ್ತು ವರ್ಷದಿಂದ ಆ ಫೋಟೋದಲ್ಲಿ ರಿವೆಟ್ ಎಣಿಸಿದ್ದೀನಿ, ಒಂದು ಸಲಾನೂ ಬಾಯಿ ನೋಡಿರಲಿಲ್ಲ. ನಿಮ್ಮನ್ನ ಸಾಲಿನ ಕೊನೆಗೆ ಹಾಕಿಲ್ಲ, ಹಾಕಲ್ಲ. ಆದರೆ ಯಾವ ಕೆಂಪು? ಕೆಂಪಿನಲ್ಲಿ ನೂರು ಇದೆ. ಅದನ್ನ ಹೇಳೋಕೆ ಆಧಾರ ಬೇಕು. ಆ ಅಜ್ಜಿ ಇದ್ದಾರಾ?"

ಹಲ್ಲು ಮಾಡುವವರ ಹತ್ತಿರ ಬಣ್ಣದ ಮಾದರಿಗಳ ಒಂದು ಗೊಂಚಲು ಇರುತ್ತದೆ. ಹಳದಿ ಬಿಳುಪು, ಬೂದು ಬಿಳುಪು ಎಂದು ಒಂದೊಂದು ಹಲ್ಲಿಗೆ ಒಂದೊಂದು ಬಣ್ಣ. ಬಾಯಿಯ ಪಕ್ಕ ಹಿಡಿದು, ಕಿಟಕಿಯ ಬೆಳಕಿನಲ್ಲಿ ನೋಡಿ ಆರಿಸಬೇಕು. ಮೇಸ್ತ್ರಿ ಎರಡು ಮಧ್ಯಾಹ್ನ ಊಟ ಬಿಟ್ಟು ಅಂಥದ್ದೇ ಒಂದು ಗೊಂಚಲು ಮಾಡಿದ, ಹಲ್ಲಿನದಲ್ಲ, ಕೆಂಪಿನದು. ಹದಿನಾರು ಚೂರು, ಹದಿನಾರು ಕೆಂಪು. ಶನಿವಾರ ಅದನ್ನೂ, ಮೇಣದ ಹಲ್ಲಿನ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡು ಅಜ್ಜಿಯ ಮನೆಗೆ ಹೊರಟ. ಮೂರನೆಯ ಮಹಡಿ. ಬಾಗಿಲು ತೆಗೆದ ಮಗಳು, "ಅಮ್ಮ ಯಾರ ಜೊತೇನೂ ಮಾತಾಡ್ತಿಲ್ಲ ಸಾರ್," ಎಂದಳು. ಅವಳೂ ನಿದ್ದೆಗೆಟ್ಟವಳ ಹಾಗೆ ಕಂಡಳು.

ಅಜ್ಜಿ ಒಣಗಿದ ಬಟ್ಟೆ ಮಡಚುತ್ತಾ ಕಿಟಕಿಯ ಹತ್ತಿರ ಕೂತಿದ್ದರು. ಮೇಸ್ತ್ರಿ ಅವರ ಮುಂದೆ ನೆಲದ ಮೇಲೇ ಕೂತ. "ಅಜ್ಜಿ, ತಪ್ಪಾಯ್ತು. ಪುಸ್ತಕನೂ ತಪ್ಪು, ನಾನೂ ತಪ್ಪು. ನೀವು ಬಳಿದಿದ್ದು ಕೆಂಪೇ. ಯಾವ ಕೆಂಪು ಅಂತ ಈ ಪ್ರಪಂಚದಲ್ಲಿ ನಿಮ್ಮೊಬ್ಬರಿಗೇ ಗೊತ್ತು. ಆರಿಸಿ ಕೊಡ್ತೀರಾ?"

ಅಜ್ಜಿ ಅವನ ಮುಖ ನೋಡಿದರು, ತಮಾಷೆ ಮಾಡುತ್ತಿದ್ದಾನೋ ಎಂಬ ಅನುಮಾನದಲ್ಲಿ. ಆಮೇಲೆ ಗೊಂಚಲು ತೆಗೆದುಕೊಂಡು ಬೆಳಕಿಗೆ ಹಿಡಿದರು. ಒಂದೊಂದೇ ಚೂರು ಹಿಂದಕ್ಕೆ ಮಡಚಿದರು. ಇದು ಬಹಳ ಮಿಂಚುತ್ತೆ, ಇದು ಹೆಂಗಸರ ಬಳೆ ಬಣ್ಣ, ಇದು ಇಟ್ಟಿಗೆ. ಒಂಬತ್ತನೆಯದಕ್ಕೆ ಬಂದು ಬೆರಳು ನಿಂತಿತು. ಮಂಕು ಕೆಂಪು, ಒಳಗೆ ಚೂರು ಕಂದು. ಬೆರಳು ಅದನ್ನು ಸವರಿತು, ಮತ್ತೆ ಸವರಿತು.

"ಇದು," ಎಂದರು. "ಡಬ್ಬಿ ತಳದಲ್ಲಿ ಗಸಿ ಇರ್ತಿತ್ತು, ಅದಕ್ಕೇ ಹೀಗೆ ಕಂದು ಬರ್ತಿತ್ತು." ಆಮೇಲೆ ಕಣ್ಣು ತುಂಬಿ ಬಂತು. "ಎಲ್ರೂ ಅಲ್ಲ ಅಲ್ಲ ಅಂದ್ರಲ್ಲಪ್ಪಾ. ಬರ್ತಾ ಬರ್ತಾ ನಂಗೇ ಅನುಮಾನ ಬಂದಿತ್ತು. ಆ ಶೆಡ್ಡು, ಆ ಹುಡುಗೀರು, ಎಲ್ಲಾ ನಾನೇ ಕಟ್ಕೊಂಡ ಕಥೆನಾ ಅಂತ. ನೀನು ಅವತ್ತು ಬೇರೆ ವಿಮಾನ ಇರಬಹುದು ಅಂದಾಗ, ಸರಿ, ಮುಗೀತು, ನಂದು ಏನೂ ಉಳೀಲಿಲ್ಲ ಅನ್ಕೊಂಡೆ."

ಬಾಗಿಲಲ್ಲಿ ನಿಂತಿದ್ದ ಮಗಳು ಒಳಗೆ ಬಂದು ಮಡಚಿದ ಬಟ್ಟೆಗಳನ್ನು ಆಚೆ ಸರಿಸಿ ತಾಯಿಯ ಪಕ್ಕ ಕೂತಳು.

"ಅಮ್ಮಾ, ಆ ಉಳಿದ ಐದು ಜನ ಹುಡುಗೀರು ಯಾರಮ್ಮಾ? ನಾನು ಕೇಳೇ ಇಲ್ಲ."

ಅಜ್ಜಿ ಮಗಳನ್ನು ನೋಡಿದರು. ಸೆರಗಿನಿಂದ ಮುಖ ಒರೆಸಿಕೊಂಡು, ನೆಟ್ಟಗೆ ಕೂತು, ಮೇಸ್ತ್ರಿಯ ಕಡೆ ತಿರುಗಿ ಬಾಯಿ ಅಗಲಕ್ಕೆ ತೆರೆದರು.

"ಹಾಕಪ್ಪಾ ಹಲ್ಲು. ಹೇಳೋದು ಬಹಳ ಇದೆ."